ಕೆಮ್ನಿಟ್ಸ್‌ನಲ್ಲಿ ಕ್ರಿಸ್‌ಮಸ್ ರಜೆ: ಹಾಸ್ಟೆಲ್ ಖಾಲಿ, ಅಂಗಡಿ ಬಂದ್. ಮೊದಲೇ ಏನೇನು ಮಾಡಿಟ್ಟುಕೊಳ್ಳಬೇಕು?

ಮಲೆನಾಡ_ಮಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಮಾಸ್ಟರ್ಸ್ ಮೊದಲ ಸೆಮಿಸ್ಟರ್ ಓದ್ತಿದ್ದೀನಿ. ಈ ಡಿಸೆಂಬರ್‌ನಲ್ಲಿ (2026) ಊರಿಗೆ ಹೋಗ್ತಿಲ್ಲ, ನಮ್ಮ ಮಹಡಿಯಲ್ಲಿ ಬಹುತೇಕ ಎಲ್ಲರೂ ಹೊರಡ್ತಿದ್ದಾರೆ. ಮೂರು ವಿಷಯ ಕೇಳಬೇಕಿತ್ತು. ಒಂದು, ಅಂಗಡಿ ಎಷ್ಟು ದಿನ ಮುಚ್ಚಿರುತ್ತೆ, ಎಷ್ಟು ಸಾಮಾನು ತಂದಿಡಬೇಕು? ಎರಡು, 28ರಿಂದ 30ರವರೆಗೆ ಪ್ರಾಗ್‌ಗೆ ಹೋಗೋ ಆಸೆ ಇದೆ. ನನ್ನ ಡಿ ವೀಸಾ (ಜರ್ಮನಿಯ ದೀರ್ಘಾವಧಿ ವೀಸಾ) ಜನವರಿ 31ರವರೆಗಿದೆ, ರೆಸಿಡೆನ್ಸ್ ಕಾರ್ಡ್ ಇನ್ನೂ ಬಂದಿಲ್ಲ. ಹೋಗಬಹುದಾ? ಮೂರು, ಕ್ಲಾಸಿನ ಜರ್ಮನ್ ಹುಡುಗಿಯೊಬ್ಬಳು 24ರ ಸಂಜೆ ಅನ್ನಾಬೆರ್ಗ್ ಹತ್ತಿರದ ಅವರ ಮನೆಗೆ ಊಟಕ್ಕೆ ಕರೆದಿದ್ದಾಳೆ. ನಾನು ಸಸ್ಯಾಹಾರಿ. ಏನು ತಗೊಂಡು ಹೋಗಬೇಕು, ಏನು ಹೇಳಿಡಬೇಕು?

ಸ್ಯಾಕ್ಸನಿ_ಸಾರು

ಮೊದಲು ಕ್ಯಾಲೆಂಡರ್ ನೋಡಿ, ಈ ವರ್ಷ ಅದೇ ತೊಡಕು. 24 ಗುರುವಾರ, ಸೂಪರ್‌ಮಾರ್ಕೆಟ್‌ಗಳು ಮಧ್ಯಾಹ್ನ 2ರೊಳಗೆ ಬಾಗಿಲು ಹಾಕುತ್ತವೆ. 25 ಶುಕ್ರವಾರ, 26 ಶನಿವಾರ ಎರಡೂ ಸರ್ಕಾರಿ ರಜೆ. 27 ಭಾನುವಾರ. ಅಂದರೆ ಮತ್ತೆ ಬಾಗಿಲು ತೆರೆಯೋದು 28ರ ಸೋಮವಾರ ಬೆಳಿಗ್ಗೆ. ಇಂಡಿಯನ್ ಅಂಗಡಿ, ಟರ್ಕಿ ಅಂಗಡಿಗೂ ಇದೇ ಕಾನೂನು, ಅವುಗಳನ್ನು ನೆಚ್ಚಿಕೊಳ್ಳಬೇಡಿ. ಪೆಟ್ರೋಲ್ ಬಂಕ್‌ನಲ್ಲಿ ಹಾಲು, ಬ್ರೆಡ್ ಸಿಗಬಹುದು, ಬೆಲೆ ಮಾತ್ರ ಬಹಳ ಜಾಸ್ತಿ.

24ರ ಬೆಳಿಗ್ಗೆ ಖರೀದಿಗೆ ಹೋಗೋದು ಬೇಡ. ಸಾಲು ಉದ್ದ ಇರುತ್ತೆ, ಸೊಪ್ಪು ತರಕಾರಿ ಖಾಲಿಯಾಗಿರುತ್ತೆ. 22ರ ಮಂಗಳವಾರವೇ ಮುಗಿಸಿ. ಒಬ್ಬರಿಗೆ ಮೂರೂವರೆ ದಿನಕ್ಕೆ ಒಂದು ಕಿಲೋ ಅಕ್ಕಿ, ಅರ್ಧ ಕಿಲೋ ಕೆಂಪು ಬೇಳೆ (ಯಾವ ಸೂಪರ್‌ಮಾರ್ಕೆಟ್‌ನಲ್ಲೂ ‘ರೋಟೆ ಲಿನ್ಸೆನ್’ ಅಂತ ಸಿಗುತ್ತೆ, ನೆನೆಸದೆ ಕಾಲು ಗಂಟೆಯಲ್ಲಿ ಬೇಯುತ್ತೆ), ಒಂದೂವರೆ ಕಿಲೋ ಆಲೂಗಡ್ಡೆ, ಈರುಳ್ಳಿ, ಒಂದು ಕಿಲೋ ಮೊಸರು, ಫ್ರೀಜರ್ ಪಾಲಕ್ ಒಂದು ಪ್ಯಾಕೆಟ್ ಧಾರಾಳ ಸಾಕು. ಹಾಲು ಎರಡು ಲೀಟರ್ ‘ಹಾ ಮಿಲ್ಷ್’ (ಬಹಳ ದಿನ ಕೆಡದ ಹಾಲು) ತಗೊಳ್ಳಿ, ಪ್ಯಾಕೆಟ್ ತೆರೆಯುವವರೆಗೆ ಫ್ರಿಜ್ ಬೇಕಿಲ್ಲ. ಖಾಲಿ ಬಾಟಲಿಗಳನ್ನು ಅವತ್ತೇ ಫಾಂಡ್ ಮೆಷೀನಿಗೆ (ಬಾಟಲಿಯ ಠೇವಣಿ ವಾಪಸ್ ಕೊಡೋ ಯಂತ್ರ) ಹಾಕಿಬಿಡಿ.

ಯೂನಿವರ್ಸಿಟಿಯ ಮೆನ್ಜಾ (ಕ್ಯಾಂಟೀನ್), ಲೈಬ್ರರಿ ಮುಚ್ಚುವ ದಿನಾಂಕ ಅವರವರ ಸೈಟ್‌ನಲ್ಲೇ ಇರುತ್ತೆ, ನೋಡ್ಕೊಳ್ಳಿ. ಹೊಸ ವರ್ಷಕ್ಕೂ ಇದೇ ಪಾಡು, ಸ್ವಲ್ಪ ಸಲೀಸು: 31ರಂದು ಅಂಗಡಿ ಬೇಗ ಮುಚ್ಚುತ್ತೆ, ಜನವರಿ 1 ರಜೆ, 2ರ ಶನಿವಾರ ತೆರೆದಿರುತ್ತೆ, 3 ಮತ್ತೆ ಭಾನುವಾರ.

ಗಡಿ_ದಾಟುವ_ಮುನ್ನ

ಪ್ರಾಗ್ ವಿಷಯ. ಜರ್ಮನಿಯ ಡಿ ವೀಸಾ ಚಾಲ್ತಿಯಲ್ಲಿರುವಾಗ ಬೇರೆ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ವ್ಯವಸ್ಥೆಗೆ ಸೇರಿದ ಯುರೋಪಿನ ದೇಶಗಳು) ಯಾವುದೇ 180 ದಿನಗಳೊಳಗೆ 90 ದಿನದವರೆಗೆ ಇರಬಹುದು. ನಿಮ್ಮದು ಜನವರಿ 31ರವರೆಗಿದೆ, ಹಾಗಾಗಿ ಚೆಕ್ ದೇಶಕ್ಕೆ ಧೈರ್ಯವಾಗಿ ಹೋಗಿ ಬನ್ನಿ. ಸ್ಟಿಕ್ಕರ್ ಮೇಲೆ ಎಷ್ಟು ಸಲ ಪ್ರವೇಶ ಅನ್ನೋ ಕಡೆ ‘ಎಂಯುಎಲ್‌ಟಿ’ ಅಂತ ಇದೆಯಾ ಒಮ್ಮೆ ನೋಡಿ. ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ಫೋನಿನಲ್ಲಿರುವ ಫೋಟೋ, ಜೆರಾಕ್ಸ್ ನಡೆಯಲ್ಲ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಶುರುಮಾಡಿತು. ವಾಪಸ್ ಬರುವಾಗ ಬಸ್ಸಿಗೋ ರೈಲಿಗೋ ಪೊಲೀಸರು ಹತ್ತಿ ಕೇಳೋದು ಮಾಮೂಲು.

ಎಡವೋದು ಬೇರೆ ಕಡೆ. ಜನವರಿ 31ರ ಒಳಗೆ ರೆಸಿಡೆನ್ಸ್ ಪರ್ಮಿಟ್ ಅರ್ಜಿ ಔಸ್‌ಲೆಂಡರ್‌ಬೆಹೋರ್ಡೆಗೆ (ವಿದೇಶಿಯರ ಕಚೇರಿ) ತಲುಪಿರಲೇಬೇಕು. ಅಪಾಯಿಂಟ್‌ಮೆಂಟ್ ಫೆಬ್ರವರಿಗೆ ಸಿಕ್ಕರೂ ಚಿಂತೆಯಿಲ್ಲ, ಅರ್ಜಿ ಹಾಕಿದ ದಿನಾಂಕ ಮುಖ್ಯ. ಆ ಕಚೇರಿಯೂ ಹಬ್ಬದ ವಾರ ಕೆಲಸ ಮಾಡೋದು ಕಡಿಮೆ, ಅದಕ್ಕೆ ಡಿಸೆಂಬರ್ ಮಧ್ಯದೊಳಗೆ ಕಳಿಸಿ ಸ್ವೀಕೃತಿ ಇಟ್ಕೊಳ್ಳಿ. ಆಮೇಲೆ ನಿಮಗೆ ಫಿಕ್ಷನ್ಸ್‌ಬೆಷೈನಿಗುಂಗ್ ಅನ್ನೋ ಮಡಚಿದ ಕಾಗದ (ಅರ್ಜಿ ತೀರ್ಮಾನವಾಗುವವರೆಗಿನ ತಾತ್ಕಾಲಿಕ ಪತ್ರ) ಕೊಡಬಹುದು. ಅದರೊಳಗೆ ಮೂರು ಚೌಕ ಇರುತ್ತವೆ. ಜರ್ಮನಿಯ ವಾಸದ ಕಾಯ್ದೆಯ ಕಲಮು 81ರ 4ನೇ ಉಪಕಲಮಿಗೆ ಗುರುತು ಹಾಕಿದ್ದರೆ ಹೊರಗೆ ಹೋಗಿ ಜರ್ಮನಿಗೆ ವಾಪಸ್ ಬರಬಹುದು. 3ನೇ ಉಪಕಲಮಿಗೆ ಹಾಕಿದ್ದರೆ ದೇಶದೊಳಗೆ ಇರಬಹುದು ಅಷ್ಟೇ, ಹೊರಗೆ ಹೋದರೆ ಮತ್ತೆ ಒಳಗೆ ಬರೋಕೆ ಹೊಸ ವೀಸಾ ಬೇಕು. ಕಾಗದ ಕೈಗೆ ಬಂದ ತಕ್ಷಣ, ಕೌಂಟರ್ ಮುಂದೆ ನಿಂತೇ ಆ ಗುರುತು ನೋಡಿ. ಇನ್ನೊಂದು, ಲಂಡನ್, ಡಬ್ಲಿನ್ ಎರಡೂ ಷೆಂಗೆನ್ ಒಳಗಿಲ್ಲ. ಅಲ್ಲಿಗೆ ಬೇರೆ ವೀಸಾ ಬೇಕು.

ಪ್ರಯಾಣಕ್ಕೆ: ಡಾಯ್ಚ್‌ಲಾಂಡ್‌ಟಿಕೆಟ್ (ದೇಶದ ಸ್ಥಳೀಯ ರೈಲು, ಬಸ್ಸುಗಳ ತಿಂಗಳ ಪಾಸ್) ಇದ್ದರೆ ಡ್ರೆಸ್ಡೆನ್‌ವರೆಗೆ ಆರ್‌ಇ 3 ಅನ್ನೋ ರೈಲಿನಲ್ಲಿ ಹೋಗಬಹುದು, ಸುಮಾರು ಒಂದು ಗಂಟೆ. ಡ್ರೆಸ್ಡೆನ್–ಪ್ರಾಗ್ ದೂರದ ಗಾಡಿಗೆ ಆ ಟಿಕೆಟ್ ನಡೆಯಲ್ಲ, ಬೇರೆ ತಗೋಬೇಕು, ಚೆಕ್ ರೈಲ್ವೆಯ ಸೈಟಿನಲ್ಲೂ ದರ ಹೋಲಿಸಿ. ಎರಡೂ ಬೇರೆ ಬೇರೆ ಟಿಕೆಟ್ ಆದ್ದರಿಂದ ಮೊದಲನೇ ಗಾಡಿ ತಡವಾಗಿ ಎರಡನೇದು ತಪ್ಪಿದರೆ ಯಾರೂ ಹೊಣೆ ಹೊರಲ್ಲ. ಮಧ್ಯೆ ಒಂದು ಗಂಟೆ ಬಿಡಿ. ಚೆಕ್‌ನಲ್ಲಿ ಯೂರೋ ಅಲ್ಲ, ಕೊರುನಾ. ಸರ್ಕಾರಿ ಇನ್ಶೂರೆನ್ಸ್ ಇದ್ದರೆ ಕಾರ್ಡಿನ ಹಿಂಭಾಗವೇ ಯುರೋಪಿಯನ್ ಹೆಲ್ತ್ ಕಾರ್ಡ್, ಅದನ್ನು ಮರೀಬೇಡಿ.

ಬರುವಾಗ ಚೆಕ್ ಮಾರ್ಕೆಟ್‌ನ ಪಟಾಕಿ ತರಬೇಡಿ, ದಯವಿಟ್ಟು. ಜರ್ಮನಿಯಲ್ಲಿ ಅನುಮತಿ ಇಲ್ಲದ ಪಟಾಕಿ ಸಿಕ್ಕಿದರೆ ಕ್ರಿಮಿನಲ್ ಕೇಸ್, ವಿದ್ಯಾರ್ಥಿಯ ಪರ್ಮಿಟ್‌ಗೂ ಅದು ಒಳ್ಳೇದಲ್ಲ. ಇಲ್ಲೇ ವರ್ಷದ ಕೊನೆಯ ಮೂರು ದಿನ ಅಂಗಡಿಯಲ್ಲಿ ಮಾರುತ್ತಾರೆ.

ಅರ್ಜ್‌ಗೆಬಿರ್ಗೆ_ಅಕ್ಕ

ತಂಗಿ, 24ರ ಸಂಜೆಯ ಕರೆ ಇಲ್ಲಿ ದೊಡ್ಡ ಮರ್ಯಾದೆ. ಆ ಸಂಜೆ ಮನೆಯವರು ಮಾತ್ರ ಕೂರುವ ಹೊತ್ತು, ಹಾಗಾಗಿ ಖಂಡಿತ ಹೋಗಿ.

ಮೊದಲು ವಾಪಸ್ ಬರೋದು ಹೇಗೆ ಅಂತ ಯೋಚಿಸಿ. 24ರ ಸಂಜೆ ಆ ಕಡೆಯ ರೈಲು, ಬಸ್ಸು ಬೇಗ ನಿಲ್ಲುತ್ತವೆ, ಮಾರನೇ ದಿನ ಭಾನುವಾರದ ವೇಳಾಪಟ್ಟಿ. ‘ರಾತ್ರಿ ಉಳಿಯಬಹುದಾ, ಇಲ್ಲ ಯಾರಾದರೂ ಬಿಡ್ತಾರಾ’ ಅಂತ ನೇರವಾಗಿ ಕೇಳಿ. ಜರ್ಮನರಿಗೆ ಇಂಥ ಪ್ರಶ್ನೆ ಮುಜುಗರ ಅಲ್ಲ, ಹೇಳದೆ ಹೋಗಿ ಕೊನೇಲಿ ಒದ್ದಾಡಿದರೆ ಅವರಿಗೆ ಬೇಜಾರು. ಆರು ಗಂಟೆ ಅಂದರೆ ಆರಕ್ಕೇ ಬೆಲ್ ಒತ್ತಿ, ಮುಂಚೆ ಬೇಡ.

ಆ ಸೀಮೆಯಲ್ಲಿ ಅವತ್ತು ‘ನೈನರ್‌ಲಾ’ ಅಂತ ಒಂಬತ್ತು ಬಗೆಯ ಊಟ ಮಾಡೋ ಪದ್ಧತಿ. ಸಾಸೇಜ್, ಕ್ಲೋಸೆ ಅನ್ನೋ ಆಲೂಗಡ್ಡೆ ಉಂಡೆ, ಹುಳಿ ಎಲೆಕೋಸು ಇವೆಲ್ಲ ಇರುತ್ತವೆ. ಬೇಳೆಯೂ ಇರುತ್ತೆ, ವರ್ಷಪೂರ್ತಿ ಚಿಲ್ಲರೆ ಕಾಸಿಗೆ ಕೊರತೆ ಆಗದಿರಲಿ ಅಂತ. ತಟ್ಟೆ ಕೆಳಗೆ ನಾಣ್ಯ ಇಟ್ಟಿದ್ದರೆ ಅಲ್ಲೇ ಇರಲಿ. ಊಟದ ಮಧ್ಯೆ ಎದ್ದು ಹೋಗಬಾರದು ಅನ್ನೋ ನಂಬಿಕೆ ಇರೋ ಮನೆಗಳಿವೆ, ಫೋನ್ ಬಂದರೂ ಏಳಬೇಡಿ.

ಸಸ್ಯಾಹಾರದ ಬಗ್ಗೆ ‘ಫ್ಲೈಶ್ (ಮಾಂಸ) ತಿನ್ನಲ್ಲ’ ಅಂದರೆ ಸಾಲದು. ಎಲೆಕೋಸಿಗೆ ಹಂದಿಯ ಕೊಬ್ಬು (ಶ್ಮಾಲ್ಟ್ಸ್) ಅಥವಾ ಶ್ಪೆಕ್ (ಕೊಬ್ಬಿನ ಹಂದಿಮಾಂಸದ ಚೂರು) ಹಾಕಿರುತ್ತಾರೆ, ಸೂಪಿಗೆ ಮಾಂಸದ ಬ್ರ್ಯೂಹೆ (ಬೇಯಿಸಿದ ರಸ), ಸಿಹಿಗೆ ಜೆಲಟೀನೆ (ಪ್ರಾಣಿಯ ಎಲುಬು, ಚರ್ಮದಿಂದ ತೆಗೆದ ಅಂಟು). ಈ ನಾಲ್ಕು ಹೆಸರನ್ನೂ ಒಂದು ವಾರ ಮುಂಚೆ ಮೆಸೇಜ್ ಮಾಡಿ. ಕ್ಲೋಸೆ ನೀವು ತಿನ್ನಬಹುದು, ಮೇಲೆ ಹುಯ್ಯೋ ಸಾಸ್ ಮಾಂಸದ್ದು. ಷ್ಟೋಲನ್ ಕೇಕಿನ ಒಣದ್ರಾಕ್ಷಿಯನ್ನು ರಮ್‌ನಲ್ಲಿ ನೆನೆಸುವುದುಂಟು. ಅದು ಬೇಡವಾದರೆ ಅದನ್ನೂ ಸೇರಿಸಿ. ಕ್ರಿಸ್‌ಮಸ್ ಮಾರ್ಕೆಟ್‌ಗಳಲ್ಲಿ ಗ್ಲ್ಯೂವೈನ್ (ಬಿಸಿ ವೈನ್) ಬದಲು ಆಲ್ಕೋಹಾಲ್ ಇಲ್ಲದ ‘ಕಿಂಡರ್‌ಪುನ್ಷ್’ ಕೇಳಿ, ಮಗ್‌ನ ಠೇವಣಿ ವಾಪಸ್ ತಗೊಳ್ಳಿ.

ಉಡುಗೊರೆ ದೊಡ್ಡದು ಬೇಡ. ಒಂದು ಡಬ್ಬ ನೀವೇ ಮಾಡಿದ ರವೆ ಉಂಡೆ, ಮೇಲೆ ಏನೇನು ಹಾಕಿದೆ ಅಂತ ಚೀಟಿ. ಗೋಡಂಬಿ ಇದ್ದರೆ ತಪ್ಪದೆ ಬರೀರಿ, ಅಲರ್ಜಿ ಇರೋರು ಇರಬಹುದು.

ಸಾಧ್ಯವಾದರೆ ಹಿಂದಿನ ಭಾನುವಾರ, 20ಕ್ಕೆ, ಅನ್ನಾಬೆರ್ಗ್‌ಗೆ ಹೋಗಿ. ಅಡ್ವೆಂಟ್‌ನ (ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು) ನಾಲ್ಕನೇ ಭಾನುವಾರ ಗಣಿ ಕಾರ್ಮಿಕರ ಉಡುಪಿನಲ್ಲಿ ನಡೆಯೋ ಕೊನೆಯ ಮೆರವಣಿಗೆ ಅದು. ಕಿಟಕಿಗಳಲ್ಲಿ ಕಮಾನಿನಾಕಾರದ ದೀಪ ಕಾಣುತ್ತೆ, ಷ್ವಿಬ್‌ಬೋಗೆನ್. ಹಲವು ಮನೆಗಳಲ್ಲಿ ಫೆಬ್ರವರಿ 2ರವರೆಗೂ ಇರುತ್ತೆ.

ಮಲೆನಾಡ_ಮಳೆ

ತುಂಬಾ ಥ್ಯಾಂಕ್ಸ್ ಅಕ್ಕ, ಎಲ್ಲರಿಗೂ. ಅಮ್ಮ ಪಾರ್ಸಲ್‌ನಲ್ಲಿ ಧಾರವಾಡ ಪೇಡ, ತುಪ್ಪ ಕಳಿಸ್ತೀನಿ ಅಂತಿದ್ದಾರೆ. ಕಳಿಸಬಹುದಾ? ರೂಮಲ್ಲಿ ಒಬ್ಬಳೇ ಇರುವಾಗ ಇನ್ನೇನಾದರೂ ಜೋಪಾನ?

ಸ್ಯಾಕ್ಸನಿ_ಸಾರು

ಪೇಡ, ತುಪ್ಪ ಎರಡೂ ಬೇಡ. ಯುರೋಪಿಯನ್ ಯೂನಿಯನ್ ಹೊರಗಿನಿಂದ ಅಂಚೆಯಲ್ಲಿ ಹಾಲಿನ, ಮಾಂಸದ ಪದಾರ್ಥ ತರಿಸುವಂತಿಲ್ಲ, ಕಸ್ಟಮ್ಸ್‌ನವರು ಹಿಡಿದರೆ ನಾಶಮಾಡ್ತಾರೆ. ಚಟ್ನಿಪುಡಿ, ಸಾರಿನಪುಡಿಗೆ ಆ ನಿಷೇಧ ಇಲ್ಲ. ಮನೆಯವರು ಕಳಿಸೋ ಉಡುಗೊರೆಗೆ 45 ಯೂರೋವರೆಗೆ ಸುಂಕ ಇಲ್ಲ. ಡಬ್ಬದ ಮೇಲೆ ಪ್ರತಿ ವಸ್ತುವಿನ ಹೆಸರು, ಬೆಲೆ ಬರೆಸಿ.

ರೂಮಿಗೆ: ಪ್ರಾಗ್‌ಗೆ ಹೊರಡುವಾಗ ಹೀಟರ್ ಪೂರ್ತಿ ಆರಿಸಬೇಡಿ. ತಿರುಗಣೆಯ ನಕ್ಷತ್ರ ಗುರುತು ಪೈಪು ಹೆಪ್ಪುಗಟ್ಟದ ಹಾಗೆ ಕಾಯುತ್ತೆ ಅಷ್ಟೇ, ಎರಡು ಮೂರು ದಿನಕ್ಕೆ 1–2ರ ಮಧ್ಯೆ ಇಟ್ಟರೆ ಗೋಡೆ ತಣ್ಣಗಾಗಿ ಬೂಸು ಹಿಡಿಯಲ್ಲ. ರೂಮಿನಲ್ಲಿರುವಾಗ ದಿನಕ್ಕೆರಡು ಸಲ ಕಿಟಕಿ ಪೂರ್ತಿ ತೆಗೆದು ಐದು ನಿಮಿಷ ಗಾಳಿ ಬಿಡಿ, ಅರ್ಧ ವಾಲಿಸಿ ಗಂಟೆಗಟ್ಟಲೆ ಬಿಡೋದು ತಪ್ಪು. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿರಲಿ, ಹೊಗೆ ಅಲಾರಾಂ ಕಾರಿಡಾರ್‌ನಲ್ಲಿದೆ.

ಬೀಗದಕೈ ಒಳಗೆ ಮರೆತು ಬಾಗಿಲು ಹಾಕಿಕೊಂಡರೆ ಹಬ್ಬದ ದಿನ ಬೀಗ ತೆಗೆಯೋರು ದುಪ್ಪಟ್ಟು ಕೇಳ್ತಾರೆ. ಹೌಸ್‌ಮೈಸ್ಟರ್‌ನ (ಕಟ್ಟಡ ನೋಡಿಕೊಳ್ಳುವವರು) ತುರ್ತು ನಂಬರ್ ನೋಟಿಸ್ ಬೋರ್ಡಿನಿಂದ ಈಗಲೇ ಬರೆದಿಡಿ. ಜ್ವರ ಬಂದು ಡಾಕ್ಟರ್ ಬೇಕಾದರೆ 116117, ಪ್ರಾಣಾಪಾಯಕ್ಕೆ 112. ಔಷಧಿ ಅಂಗಡಿ ಮುಚ್ಚಿದ್ದರೂ ಪ್ರತಿ ಊರಿಗೆ ಸರದಿಯ ಅಪೊಟೇಕೆ ಇರುತ್ತೆ. ಯಾವುದು ಅಂತ ಮುಚ್ಚಿದ ಅಂಗಡಿಯ ಬಾಗಿಲಲ್ಲೇ ಅಂಟಿಸಿರ್ತಾರೆ, ಹೆಚ್ಚುವರಿ 2.50 ಯೂರೋ. ಮನಸ್ಸು ಬಹಳ ಕುಗ್ಗಿದರೆ 0800 1110111, ಟೆಲಿಫೋನ್‌ಜೇಲ್‌ಜೋರ್ಗೆ ಅನ್ನೋ ಸಾಂತ್ವನದ ಸಹಾಯವಾಣಿ, ಹಗಲು ರಾತ್ರಿ ಉಚಿತ. 25ರಂದು ಊಟಕ್ಕೆ ಜೊತೆ ಬೇಕಾದರೆ ಇಎಸ್‌ಜಿ (ಪ್ರೊಟೆಸ್ಟಂಟ್), ಕೆಎಚ್‌ಜಿ (ಕ್ಯಾಥೊಲಿಕ್) ಅನ್ನೋ ಚರ್ಚಿನ ವಿದ್ಯಾರ್ಥಿ ಬಳಗಗಳಿಗೆ ಈಗಲೇ ಮೇಲ್ ಹಾಕಿ ಕಾರ್ಯಕ್ರಮ ಇದೆಯಾ ಕೇಳಿ, ಅಲ್ಲಿ ಧರ್ಮ ಯಾವುದು ಅಂತ ಯಾರೂ ಕೇಳಲ್ಲ.