ಪದಚರ್ಚೆ: ಸಮವಸ್ತ್ರ ಕಳಚಿದ ಯುದ್ಧವಿಮಾನಕ್ಕೆ ಏನನ್ನೋಣ? ‘ಮಫ್ತಿ’ ಸರಿಯೇ?

ಎಲ್ಲರಿಗೂ ನಮಸ್ಕಾರ. ಅಂಗೈ ಅಗಲದ ಒಂದು ಕಾರ್ಡಿಗೆ ನಾಲ್ಕು ಸಾಲು ಕನ್ನಡ ಬೇಕಾಗಿದೆ. ಮೂರು ದಿನದಿಂದ ಒದ್ದಾಡುತ್ತಿದ್ದೇನೆ, ಬಲ್ಲವರು ಕೈ ಹಿಡಿಯಬೇಕು.

ವಿಷಯ ಇಷ್ಟು. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಪುಟ್ಟ ವಿಮಾನ ಮಾಡಿ ಬಣ್ಣ ಹಾಕುವ ಹುಚ್ಚು ನನಗೆ. ಈ ಸಲ ದಸರೆಗೆ ಗೊಂಬೆ ಕೂರಿಸುವಾಗ ನನ್ನ ಹೊಸ ವಿಮಾನವನ್ನೂ ಕೆಳಗಿನ ಮೆಟ್ಟಿಲಲ್ಲಿ ಇಡುತ್ತೇನೆ ಎಂದು ಅಮ್ಮ ಹೇಳಿದ್ದಾರೆ, ಶೆಟ್ಟರ ಅಂಗಡಿಗೂ ಪಾರ್ಕಿಗೂ ನಡುವೆ. ನಮ್ಮ ಮನೆಯಲ್ಲಿ ಪ್ರತಿ ಸಾಲಿಗೂ ಒಂದು ಕಾರ್ಡು ಇರುತ್ತದೆ, ಬರೆಯುವುದು ಅಮ್ಮನೇ. “ನೋಡೋಕೆ ಬಂದವರು ಕೇಳ್ತಾರೆ, ಇದೇನು ಅಂತ ಬರೆದು ಕೊಡು. ಇಂಗ್ಲಿಷ್ ಬೇಡ” ಎಂದರು. ಅಲ್ಲಿಂದ ಶುರುವಾಯಿತು ನನ್ನ ಫಜೀತಿ.

ವಿಮಾನದ ಕತೆ ಗೊತ್ತಿದ್ದರೆ ಪದ ಹುಡುಕುವುದು ಸುಲಭ, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಇದು ಹಾಕರ್ ಹರಿಕೇನ್, ಎರಡನೇ ಮಹಾಯುದ್ಧದ ಒಂಟಿ ಆಸನದ ಬ್ರಿಟಿಷ್ ಯುದ್ಧವಿಮಾನ. ನಮ್ಮ ವಾಯುಪಡೆಯವರೂ ಬರ್ಮಾ ಗಡಿಯಲ್ಲಿ ಇದನ್ನೇ ಹಾರಿಸಿದ್ದರು. ಒಟ್ಟು 14,000ಕ್ಕೂ ಜಾಸ್ತಿ ಹರಿಕೇನ್‌ಗಳು ತಯಾರಾದವು. ಅವುಗಳಲ್ಲಿ ಕಟ್ಟಕಡೆಯದು ಕಾರ್ಖಾನೆಯಿಂದ ಹೊರಬಂದದ್ದು 1944ರಲ್ಲಿ, ನಂಬರು ಪಿ.ಝಡ್. 865. ಕೊನೆಯದಲ್ವಾ ಅಂತ ಕಂಪನಿ ಅದನ್ನು ತಾನೇ ಇಟ್ಟುಕೊಂಡಿತು. ಯುದ್ಧ ಮುಗಿದ ಮೇಲೆ ತೋಪು ಬಿಚ್ಚಿ, ಮೈಗೆ ಕಡುನೀಲಿ ಬಣ್ಣ ಹಾಕಿ, ಅದಕ್ಕೆ ಚಿನ್ನದ ಬಣ್ಣದ ಗೆರೆ ಎಳೆದು, ಜಿ-ಎಎಂಎಯು ಎಂಬ ಹೊಸ ನೋಂದಣಿ ಕೊಟ್ಟು, 1950ರ ಕಿಂಗ್ಸ್ ಕಪ್ ವಿಮಾನ ಪಂದ್ಯಕ್ಕೆ ಬಿಟ್ಟರು. ಅದನ್ನು ಪಂದ್ಯಕ್ಕೆ ಸೇರಿಸಿದ್ದು ರಾಜಕುಮಾರಿ ಮಾರ್ಗರೆಟ್. ಹಾರಿಸಿದ್ದು ಪೀಟರ್ ಟೌನ್ಸೆಂಡ್, ಯುದ್ಧದಲ್ಲೂ ಹರಿಕೇನ್ ಹಾರಿಸಿದ್ದ ಮನುಷ್ಯ. ಬಂದದ್ದು ಎರಡನೇ ಸ್ಥಾನ. ನಿಧಾನದ ವಿಮಾನಗಳನ್ನು ಮೊದಲು ಬಿಟ್ಟು ವೇಗದವನ್ನು ಆಮೇಲೆ ಬಿಡುವ ಪಂದ್ಯ ಅದು, ಹಾಗಾಗಿ ಗೆದ್ದದ್ದು ಒಂದು ಪುಟ್ಟ ತರಬೇತಿ ವಿಮಾನ! ಹರಿಕೇನ್ ಇವತ್ತಿಗೂ ಹಾರುತ್ತಿದೆ. 1972ರಿಂದ ಬ್ರಿಟನ್ನಿನ ವಾಯುಪಡೆಯ ಸ್ಮಾರಕ ದಳದಲ್ಲಿದೆ, ಆದರೆ ಮತ್ತೆ ಯುದ್ಧದ ಬಣ್ಣದಲ್ಲಿ. ನಾನು ಮಾಡಿರುವುದು ಆ ನಡುವಿನ ನೀಲಿ ಅವತಾರವನ್ನು.

ಈಗ ಪದಕ್ಕೆ ಬರೋಣ. ನಮ್ಮ ಹವ್ಯಾಸದವರು ಇದನ್ನು ‘ಸಿವಿಲಿಯನ್ ಕಲರ್ಸ್’ ಎನ್ನುತ್ತಾರೆ. ನಾನು ಮೊದಲು ಬರೆದದ್ದು “ನಾಗರಿಕ ಬಣ್ಣದ ಯುದ್ಧವಿಮಾನ”. ಓದಿ ನನಗೇ ನಗು ಬಂತು. ನಾಗರಿಕ ವಿಮಾನಯಾನ ಎಂದು ಸರ್ಕಾರದವರು ಬರೆದೂ ಬರೆದೂ ಆ ಜೋಡಿ ಕಿವಿಗೆ ಒಗ್ಗಿದೆ, ಸರಿ. ಆದರೆ ನಾಗರಿಕ ಎಂದ ಕೂಡಲೇ ಓಟು ಹಾಕುವ ಮನುಷ್ಯ, ಹಿರಿಯ ನಾಗರಿಕ, ಇಲ್ಲವೇ ಅನಾಗರಿಕ ಅಲ್ಲದವನು ನೆನಪಾಗುತ್ತಾನೆ. ನಾಗರಿಕ ಬಣ್ಣ ಅಂದರೆ ಉಳಿದ ಬಣ್ಣಗಳೆಲ್ಲ ಕಾಡುಬಣ್ಣ ಅಂದ ಹಾಗೆ. ‘ಸಿವಿಲ್’ ಎಂದೇ ಇಟ್ಟುಕೊಳ್ಳೋಣ ಎಂದರೆ ಕನ್ನಡದಲ್ಲಿ ಅದು ಆಗಲೇ ಎರಡು ಕಡೆ ಸೈಟು ಮಾಡಿಕೊಂಡಿದೆ: ಒಂದು ಕೋರ್ಟಿನಲ್ಲಿ, ಇನ್ನೊಂದು ಕಟ್ಟಡದ ಕೆಲಸದಲ್ಲಿ. “ಸಿವಿಲ್ ಹರಿಕೇನ್” ಅಂದರೆ ಕಾಂಪೌಂಡ್ ಗೋಡೆ ಬಿದ್ದ ಕೇಸು ಅಂದುಕೊಂಡಾರು.

ಆಗ ಹೊಳೆದದ್ದು ಮಫ್ತಿ. ಮಫ್ತಿ ಪೊಲೀಸ್ ಅಂದರೆ ಹಳ್ಳಿಯ ಮಕ್ಕಳಿಗೂ ಗೊತ್ತು. ಕೆಲಸ ಪೊಲೀಸಿನದೇ, ಬಟ್ಟೆ ಮಾತ್ರ ಸಾದಾ. ಪದದ ಪಯಣವೂ ಮಜವಾಗಿದೆ. ಅರಬ್ಬಿಯಲ್ಲಿ ಮುಫ್ತಿ ಅಂದರೆ ಇಸ್ಲಾಮಿನ ಧರ್ಮಶಾಸ್ತ್ರ ನೋಡಿ ತೀರ್ಪು ಹೇಳುವ ವಿದ್ವಾಂಸ. ಅದು ಬ್ರಿಟಿಷ್ ಸೈನ್ಯದ ಬಾಯಿಗೆ ಬಿದ್ದು ಸಮವಸ್ತ್ರವಲ್ಲದ ಉಡುಪಿಗೆ ಹೆಸರಾಯಿತು. ನಮ್ಮಲ್ಲಿ ಪೊಲೀಸರಿಗೇ ಅಂಟಿಕೊಂಡು ಅಚ್ಚಗನ್ನಡವೇ ಆಗಿಬಿಟ್ಟಿದೆ. “ಮಫ್ತಿಯಲ್ಲಿರುವ ಯುದ್ಧವಿಮಾನ”, ಎಷ್ಟು ಚೆನ್ನಾಗಿದೆ ಅಲ್ವಾ? ಕಾರ್ಡಿನಲ್ಲಿ ಬರೆದೂ ಆಗಿತ್ತು.

ಆದರೆ ರಾತ್ರಿ ಮಲಗಿದಾಗ ಅನುಮಾನ ಶುರುವಾಯಿತು. ಪೊಲೀಸರು ಮಫ್ತಿ ಹಾಕುವುದು ಯಾರಿಗೂ ಕಾಣಬಾರದು ಅಂತ. ವಿಮಾನದ ಕತೆ ಪೂರ್ತಿ ಉಲ್ಟಾ. ಅದು ಬಚ್ಚಿಟ್ಟುಕೊಂಡಿದ್ದದ್ದು ಸಮವಸ್ತ್ರದಲ್ಲಿ, ನೆಲಕ್ಕೂ ಆಕಾಶಕ್ಕೂ ಬೆರೆತುಹೋಗುವ ಮರೆಬಣ್ಣದಲ್ಲಿ. ಆ ಬಣ್ಣ ಕಳಚಿ ನೀಲಿ ಉಟ್ಟದ್ದೇ ಎಲ್ಲರ ಕಣ್ಣಿಗೆ ಬೀಳಲಿ ಅಂತ. ಹಾಗಾಗಿ ಮಫ್ತಿ ಅಂದರೆ ಅರ್ಥ ತಲೆಕೆಳಗಾಗುತ್ತದೆ ಅನ್ನಿಸುತ್ತಿದೆ. ಇಲ್ಲ, ಸಮವಸ್ತ್ರ ಇಲ್ಲ ಅನ್ನುವಷ್ಟೇ ಅರ್ಥ ಅದಕ್ಕೆ ಸಾಕು, ಬಚ್ಚಿಡುವ ಅರ್ಥ ಪೊಲೀಸರ ದೆಸೆಯಿಂದ ಬಂದದ್ದು, ಅನ್ನುವವರು ಇದ್ದೀರಾ? ಸೈನ್ಯದಲ್ಲಿ ಇದ್ದವರು ಯಾರಾದರೂ ಇದ್ದರೆ, ರಜೆಯಲ್ಲಿ ಊರಿಗೆ ಬರುವಾಗ ಹಾಕುವ ಬಟ್ಟೆಗೆ ಮನೆಯಲ್ಲಿ ಏನೆನ್ನುತ್ತಿದ್ದಿರಿ ಎಂದು ಹೇಳಿ. ಅದು ಬೇಕು ನನಗೆ.

(‘ಕ್ಯಾಮಫ್ಲಾಜ್’ಗೆ ಮರೆಬಣ್ಣ ಎಂದು ಬರೆದದ್ದು ಸುಮ್ನೆ ನನ್ನ ಧೈರ್ಯ. ನಿಘಂಟಿನ ದಾರಿಯಲ್ಲಿ ಹೋದರೆ ಛದ್ಮವೇಷ ಸಿಗುತ್ತದೆ. ಆದರೆ ಅದನ್ನು ಶಾಲೆಗಳು ಎಂದೋ ವಶಪಡಿಸಿಕೊಂಡಿವೆ, ವಿಮಾನಕ್ಕೆ ಛದ್ಮವೇಷ ಅಂದರೆ ಒನಕೆ ಓಬವ್ವನ ಪಕ್ಕ ನಿಲ್ಲಿಸಿ ಫೋಟೋ ತೆಗೆಯಬೇಕಾಗುತ್ತದೆ.)

ಇನ್ನೊಂದು ದಾರಿ ಮಾಜಿ. ಮಾಜಿ ಸೈನಿಕ ಎನ್ನುತ್ತೇವಲ್ಲ, ಹಾಗೆ ಮಾಜಿ ಯುದ್ಧವಿಮಾನ. ಇದರಲ್ಲಿ ಸಣ್ಣ ನಗುವೂ ಇದೆ, ಮರ್ಯಾದೆಯೂ ಇದೆ. ತೊಡಕೆಂದರೆ ಇದು ಮತ್ತೆ ಸಮವಸ್ತ್ರ ಹಾಕಿಕೊಂಡಿತಲ್ಲ. ಮಾಜಿ ಆದವರು ಮತ್ತೆ ಹಾಲಿ ಆಗುವುದು ನಮ್ಮಲ್ಲಿ ರಾಜಕಾರಣಿಗಳು ಮಾತ್ರ.

ಎರಡನೇ ಪ್ರಶ್ನೆ ‘ಫಿನಿಶಿಂಗ್’. ನನಗೆ ಇದೇ ದೊಡ್ಡದು. “ವಿಮಾನ ಮುಗಿಸಿದೆ” ಎಂದರೆ ಹೊಡೆದು ಉರುಳಿಸಿದ ಹಾಗೆ ಕೇಳುತ್ತದೆ. ಬಡಗಿ, ದರ್ಜಿ, ಪೇಂಟರ್ ಎಲ್ಲರೂ “ಫಿನಿಶಿಂಗ್ ಚೆನ್ನಾಗಿ ಬಂದಿದೆ” ಎಂದೇ ಹೇಳುವುದು. ಅದನ್ನು ಬಿಟ್ಟರೆ ಕೈಗೆ ಸಿಗುವುದು ನಯ, ಮೆರುಗು, ಒಪ್ಪ. ಮೂರೂ ಒಂದೇ ಅಲ್ಲ, ಕೆಲಸ ಮಾಡುವಾಗ ಬೆರಳಿಗೇ ಗೊತ್ತಾಗುತ್ತದೆ. ಉದಾಹರಣೆ ಹೇಳುತ್ತೇನೆ. ನನ್ನ ಡಬ್ಬಿಯಲ್ಲಿದ್ದದ್ದು ಯುದ್ಧದ ಹರಿಕೇನ್, ಒಂದೊಂದು ರೆಕ್ಕೆಗೆ ಎರಡೆರಡು ತೋಪು. ಪಂದ್ಯದ ವಿಮಾನಕ್ಕೆ ಅವು ಇಲ್ಲ. ಹಾಗಾಗಿ ನಾಲ್ಕನ್ನೂ ಕತ್ತರಿಸಿ, ತೂತಿಗೆ ಪುಟ್ಟಿ (ಬಿರುಕು ಮುಚ್ಚುವ ಮೆತ್ತು) ತುಂಬಿ, ಒಣಗಿದ ಮೇಲೆ ಉಪ್ಪುಕಾಗದ ನೀರಿನಲ್ಲಿ ಅದ್ದಿ ಉಜ್ಜಿದೆ. ಕಣ್ಣಿಗೆ ಏನೂ ಕಾಣಲಿಲ್ಲ, ಬೆರಳು ಆಡಿಸಿದರೂ ಏನೂ ಸಿಗಲಿಲ್ಲ. ನಯ ಅಂದರೆ ಇದು. ಅದರ ಮೇಲೆ ಹೊಳೆಯುವ ನೀಲಿ ಬಿದ್ದದ್ದೇ ತಡ, ನಾಲ್ಕೂ ತೋಪಿನ ಜಾಗ ಸಿಡುಬಿನ ಕಲೆಯ ಹಾಗೆ ಎದ್ದು ಕಾಣಿಸಿತು! ಯುದ್ಧದ ಬಣ್ಣಕ್ಕೆ ಹೊಳಪಿಲ್ಲ, ಅದು ಸಣ್ಣಪುಟ್ಟ ಪಾಪಗಳನ್ನು ಮುಚ್ಚಿಹಾಕುತ್ತದೆ. ಹೊಳಪಿನ ಬಣ್ಣ ಒಂದು ಗೀರನ್ನೂ ಬಿಡುವುದಿಲ್ಲ. ಮತ್ತೆ ಉಜ್ಜಿ, ಮತ್ತೆ ತುಂಬಿ, ಮತ್ತೆ ಬಣ್ಣ. ಮೂರನೇ ಸಲಕ್ಕೆ ಸರಿಹೋಯಿತು. ಆಮೇಲೆ ಚಿನ್ನದ ಗೆರೆಗೆ ಟೇಪು ಅಂಟಿಸಿದ್ದನ್ನು ಅವಸರದಲ್ಲಿ ಕಿತ್ತು, ಬಾಲದ ಹತ್ತಿರ ಅಕ್ಕಿಕಾಳಿನಷ್ಟು ನೀಲಿ ಚಕ್ಕೆ ಎದ್ದುಹೋಯಿತು. ಅದು ಬೇರೆ ಕತೆ.

ಒಪ್ಪ ನನಗೆ ಯಾಕೋ ಬಹಳ ಇಷ್ಟ. ಚಿನ್ನಕ್ಕೆ ಒಪ್ಪ ಹಾಕುವುದು, ಒಪ್ಪಓರಣ, ಎಲ್ಲ ಇದೆ. ಶಾಸನಗಳಲ್ಲಿ ಒಪ್ಪ ಅಂದರೆ ರುಜು ಕೂಡ. ವಿಜಯನಗರದ ಅರಸರು ತಾಮ್ರಪಟದ ಕೊನೆಗೆ ಶ್ರೀ ವಿರೂಪಾಕ್ಷ ಎಂದು ಹಾಕುತ್ತಿದ್ದದ್ದು ಒಪ್ಪವೇ. ಕೊನೆಯ ಹೊಳಪಿನ ಪದರಕ್ಕೆ ಇದಕ್ಕಿಂತ ಒಳ್ಳೆಯ ಮಾತು ಬೇಕೆ? ಆದರೆ “ವಿಮಾನಕ್ಕೆ ಒಪ್ಪ ಹಾಕಿದೆ” ಎಂದು ಕಾರ್ಡಿನಲ್ಲಿ ಬರೆದರೆ ಇವತ್ತು ಎಷ್ಟು ಜನಕ್ಕೆ ಅರ್ಥವಾಗುತ್ತದೆ? ಚನ್ನಪಟ್ಟಣದ ಕಡೆಯವರನ್ನು ಕೇಳಬೇಕು. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅದು ಕರಗಿ ಹತ್ತುತ್ತದೆ, ಆಮೇಲೆ ಕೇದಗೆ ಗರಿ ಒತ್ತಿ ಹಿಡಿದರೆ ಹೊಳಪು ಏಳುತ್ತದೆ. ಆ ಕೊನೆಯ ಹೆಜ್ಜೆಗೆ ಕೆಲಸಗಾರರು ಬಾಯಲ್ಲಿ ಹೇಳುವ ಮಾತು ಯಾವುದು? ಪುಸ್ತಕದ ಮಾತು ಬೇಡ.

ಹಾಗೇ ತೂತು ತುಂಬುವ ಪುಟ್ಟಿಗೆ ಕಿನ್ನಾಳದ ಗೊಂಬೆ ಮಾಡುವವರ ‘ಕಿಟ್ಟ’ ಬಳಸಬಹುದಾ? ಸೆಣಬಿನ ಚಿಂದಿಯ ಪುಡಿ, ಮರದ ಪುಡಿ, ಹುಣಸೆಬೀಜದ ಅಂಟು ಕಲಸಿ ಮಾಡುವ ಮುದ್ದೆ ಅದು, ಗೊಂಬೆಯ ಕೀಲು ಕೂಡಿಸಿ ಮೈ ತಿದ್ದುವುದಕ್ಕೆ. ಕೆಲಸ ಥೇಟ್ ನನ್ನದೇ. ಆದರೆ ನಮ್ಮ ಕಡೆ ಕಿಟ್ಟ ಅಂದರೆ ಕಬ್ಬಿಣ ಕಾಯಿಸಿದಾಗ ಉಳಿಯುವ ಕಸ. ಎರಡೂ ಒಂದೇ ಪದವೋ ಬೇರೆ ಬೇರೆಯೋ, ಬಲ್ಲವರು ಹೇಳಿ.

ನೋಂದಣಿ ಅಕ್ಷರಗಳ ಅಚ್ಚಿಗೆ ಮಾತ್ರ ನನಗೆ ಪದ ಸಿಕ್ಕಿದೆ: ಹಚ್ಚೆ. ಸ್ಟಿಕ್ಕರ್ ಅಲ್ಲ ಅದು. ಚೂಯಿಂಗ್ ಗಮ್ ಜೊತೆ ಬರುತ್ತಿದ್ದ, ನೀರು ಹಚ್ಚಿ ಕೈಗೆ ಒತ್ತಿಕೊಳ್ಳುತ್ತಿದ್ದ ಚಿತ್ರದ ಸಂಬಂಧಿ. ನೀರಿನಲ್ಲಿ ನೆನೆಸಿದರೆ ಕಾಗದದಿಂದ ಜಾರುತ್ತದೆ. ಹೊಳಪಿನ ಮೈಮೇಲೆ ಕೂರಿಸಬೇಕು, ಒರಟು ಮೈಮೇಲೆ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಂಕಾಗುತ್ತದೆ. ಯಾರಿಗಾದರೂ ತಕರಾರಿದ್ದರೆ ಹೇಳಿ, ಇಲ್ಲದಿದ್ದರೆ ಹಚ್ಚೆ ಎಂದೇ ಬರೆಯುತ್ತೇನೆ.

ಅಳತೆಗೂ ದಾರಿ ಸಿಕ್ಕಿತು. ಡಬ್ಬಿಯ ಮೇಲೆ 1/72 ಎಂದಿದೆ. “ಒಂದಕ್ಕೆ ಎಪ್ಪತ್ತೆರಡರ ಪ್ರಮಾಣ” ಎಂದು ಬರೆದರೆ ಲೆಕ್ಕದ ಪುಸ್ತಕವಾಗುತ್ತದೆ. ಆದರೆ ಆ ಎಪ್ಪತ್ತೆರಡು ಬಂದದ್ದೇ ಅಂಗುಲ-ಅಡಿ ಲೆಕ್ಕದಿಂದ, ಆರಡಿಗೆ ಒಂದಂಗುಲ. “ಆರಡಿಗೆ ಅಂಗುಲದ ಅಳತೆ” ಅಂದರೆ ಅಮ್ಮನಿಗೂ ಥಟ್ಟನೆ ಗೊತ್ತಾಯಿತು. ನಿಜವಾದ ಹರಿಕೇನ್ ರೆಕ್ಕೆಯ ತುದಿಯಿಂದ ತುದಿಗೆ 40 ಅಡಿ, ನನ್ನದು 17 ಸೆಂಟಿಮೀಟರ್. ಇನ್ನು ‘ಮಾಡೆಲ್’ಗೆ ಮಾದರಿ ಅಂತ ಬರೆದಿದ್ದೆ, ಮಾದರಿ ಶಾಲೆ, ಮಾದರಿ ಗ್ರಾಮ ನೆನಪಾಗಿ ಹೊಡೆದುಹಾಕಿದೆ. ಗೊಂಬೆಗಳ ನಡುವೆ ಕೂರುವುದು ಗೊಂಬೆಯೇ ಆಗಲಿ.

ಕೊನೆಗೊಂದು ಕೋರಿಕೆ, ಬೆಂಗಳೂರಿನವರಿಗೆ. ಮಹಾಯುದ್ಧ ಮುಗಿದ ಮೇಲೆ ಎಚ್‌ಎಎಲ್‌ನಲ್ಲಿ ಸೈನ್ಯ ಬಿಟ್ಟುಕೊಟ್ಟ ಡಕೋಟಾ ಸಾಗಣೆ ವಿಮಾನಗಳನ್ನು ರಿಪೇರಿ ಮಾಡಿ ಪ್ರಯಾಣಿಕರ ವಿಮಾನಗಳಾಗಿ ಬದಲಿಸಿ ಕೊಡುತ್ತಿದ್ದರು. ಸೈನ್ಯದ ಬಣ್ಣ ಕೆರೆದು ಬೇರೆ ಬಣ್ಣ ಹಾಕಿದ ಕೈಗಳಲ್ಲಿ ಕನ್ನಡದ ಕೈಗಳು ಇದ್ದೇ ಇರುತ್ತವೆ. ಅವರು ಮನೆಗೆ ಬಂದು “ಇವತ್ತು ಏನು ಕೆಲಸ” ಎಂದು ಹೆಂಡತಿ ಕೇಳಿದರೆ ಏನೋ ಒಂದು ಮಾತು ಹೇಳಿರಬೇಕಲ್ಲ. ವಿಮಾನಪುರದ ಕಡೆ ಅಜ್ಜ, ಮುತ್ತಜ್ಜ ಕೆಲಸ ಮಾಡಿದ್ದವರ ಮನೆಯವರು ಇದ್ದರೆ ದಯವಿಟ್ಟು ಹಿರಿಯರನ್ನು ಕೇಳಿ ನೋಡಿ. ನಾನು ಕೂತು ಕಟ್ಟಿದ ಪದಕ್ಕಿಂತ ಅದು ಎಷ್ಟೋ ಮೇಲು.

ಸದ್ಯಕ್ಕೆ ನನ್ನ ಕರಡು ಇದು: “ಹರಿಕೇನ್ ಯುದ್ಧವಿಮಾನ, ಬಳಗದ ಕೊನೆ ಕುಡಿ. 1950ರಲ್ಲಿ ಸಮವಸ್ತ್ರ ಕಳಚಿ ಪಂದ್ಯಕ್ಕೆ ಹೊರಟಾಗಿನ ರೂಪ. ಆರಡಿಗೆ ಅಂಗುಲದ ಅಳತೆ.” ‘ಕೊನೆ ಕುಡಿ’ ಯಾಕೆಂದರೆ ಆ ವಿಮಾನವನ್ನು ಇಂಗ್ಲಿಷಿನಲ್ಲಿ ‘ಲಾಸ್ಟ್ ಆಫ್ ದಿ ಮೆನಿ’ ಎಂದೇ ಕರೆಯುತ್ತಾರೆ, ಅನೇಕದಲ್ಲಿ ಕೊನೆಯದು ಎಂದು ಬರೆದರೆ ಸಪ್ಪೆ. ನಾಲ್ಕನೇ ಸಾಲು ಇನ್ನೂ ಖಾಲಿ ಇದೆ, ಬಣ್ಣದ ಬಗ್ಗೆ. ಅಮ್ಮನಿಗೆ ಓದಿ ಹೇಳಿದೆ. ವಿಮಾನವನ್ನು ಕಿಟಕಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ಎಂ.ಎಸ್. ಬ್ಲೂ ಸೀರೆಗೆ ಜರಿ ಅಂಚು, ಅಷ್ಟು ಬರಿ ಸಾಕು” ಎಂದರು (ಗಾಯಕಿ ಎಂ.ಎಸ್. ಸುಬ್ಬುಲಕ್ಷ್ಮಿ ಉಡುತ್ತಿದ್ದ ನೀಲಿ). ಗೊಂಬೆ ಕೂರಿಸಲು ಇನ್ನು ಒಂಬತ್ತು ದಿನ ಇದೆ, ಅಷ್ಟರೊಳಗೆ ಇದಕ್ಕಿಂತ ಒಳ್ಳೆಯ ಸಾಲು ಯಾರೂ ಕೊಡದಿದ್ದರೆ ಅದೇ ಹೋಗುತ್ತದೆ.