ವಿಸ್ಟನ್ ಎಂಬ ಅಪರೂಪದ ಇಂಗ್ಲಿಷ್ ಹೆಸರು: ಮೂಲ, ಅರ್ಥ ಮತ್ತು ಬಳಕೆ

ಪ್ರಶ್ನೆ: ಪುಟದಂಚು

ಡಬ್ಲ್ಯೂ. ಎಚ್. ಆಡೆನ್ ಅವರ ಕಾವ್ಯವನ್ನು ಕುರಿತು ಒಂದು ಪರಿಚಯ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಮೊದಲಕ್ಷರಗಳನ್ನು ಬಿಡಿಸಿ ಕವಿಯ ಪೂರ್ಣ ಹೆಸರನ್ನು ಕನ್ನಡದಲ್ಲಿ ಕೊಡಬೇಕೆಂದು ಹೊರಟಾಗ ಮೊದಲ ಹೆಸರಿನಲ್ಲೇ ತೊಡಕು ಎದುರಾಯಿತು. ಎಚ್ ಎಂದರೆ ಹ್ಯೂ ಎಂಬುದು ಸರಿ. ಡಬ್ಲ್ಯೂ ಎಂದರೆ ವಿಲಿಯಂ ಇರಬಹುದೆಂದು ಇಷ್ಟು ದಿನ ಭಾವಿಸಿದ್ದೆ. ನೋಡಿದರೆ ಅದು ನಾನು ಬೇರೆಲ್ಲಿಯೂ ಕಂಡಿರದ ‘ವಿಸ್ಟನ್’. ಇಂಗ್ಲಿಷ್ ಕಾಗುಣಿತದಲ್ಲಿ ಡಬ್ಲ್ಯೂ ಆದ ಮೇಲೆ ವೈ ಅಕ್ಷರ ಬರುವುದರಿಂದ ಇದನ್ನು ‘ವೈಸ್ಟನ್’ ಎಂದು ಬರೆಯಬೇಕೋ ‘ವಿಸ್ಟನ್’ ಎಂದೋ ತಿಳಿಯುತ್ತಿಲ್ಲ. ಹೆಸರುಗಳ ಅರ್ಥ ಹೇಳುವ ಜಾಲತಾಣಗಳು ‘ಯುದ್ಧದ ಕಲ್ಲು’ ಎಂಬ ಅರ್ಥವನ್ನು ಕೊಟ್ಟು ಸುಮ್ಮನಾಗುತ್ತವೆ. ಯಾವ ತಂದೆ ತಾನೇ ಮಗನಿಗೆ ಹೀಗೆ ಹೆಸರಿಡುತ್ತಾನೆ? ಇದು ನಿಜವಾಗಿ ಎಲ್ಲಿಂದ ಬಂದದ್ದು, ಆಡೆನ್ ಅವರಿಗೆ ಹೇಗೆ ಬಂದಿತು, ಈಗಲೂ ಬಳಕೆಯಲ್ಲಿದೆಯೇ, ವಿನ್‌ಸ್ಟನ್ ಮತ್ತು ಟ್ರಿಸ್ಟನ್ ಎಂಬ ಹೆಸರುಗಳಿಗೂ ಇದಕ್ಕೂ ಸಂಬಂಧವಿದೆಯೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನುಡಿಬೇರು

‘ವಿಸ್ಟನ್’ ಎಂದೇ ಬರೆಯಿರಿ. ಇಲ್ಲಿನ ವೈ ಅಕ್ಷರದ ಉಚ್ಚಾರಣೆ ಹ್ರಸ್ವ ಇಕಾರವೇ ಹೊರತು ಐಕಾರವಲ್ಲ. ಮಧ್ಯಕಾಲದ ಇಂಗ್ಲಿಷ್ ಲಿಪಿಕಾರರು ಐ ಮತ್ತು ವೈ ಅಕ್ಷರಗಳನ್ನು ಒಂದರ ಬದಲು ಇನ್ನೊಂದನ್ನು ಧಾರಾಳವಾಗಿ ಬಳಸುತ್ತಿದ್ದುದರಿಂದ ಈ ಹೆಸರು ಎರಡೂ ಕಾಗುಣಿತಗಳಲ್ಲಿ ಉಳಿದು ಬಂದಿದೆ.

ಮೂಲರೂಪ ಹಳೆಯ ಇಂಗ್ಲಿಷಿನ ‘ವೀಗ್‌ಸ್ಟಾನ್’. ‘ವೀಗ್’ ಎಂದರೆ ಯುದ್ಧ, ‘ಸ್ಟಾನ್’ ಎಂದರೆ ಕಲ್ಲು. ಇಕಾರದ ನಂತರ ಬರುವ ಗಕಾರವು ಆ ಭಾಷೆಯಲ್ಲಿ ಯಕಾರದಂತೆ ಮೆದುವಾಗಿ ಕೊನೆಗೆ ಹಿಂದಿನ ಸ್ವರದಲ್ಲೇ ಕರಗಿಹೋಗುತ್ತಿತ್ತು. ಆಮೇಲೆ ವ್ಯಂಜನಗಳ ಗುಂಪಿನ ಹಿಂದಿದ್ದ ದೀರ್ಘ ಈಕಾರ ಹ್ರಸ್ವವಾಯಿತು, ಒತ್ತು ಕಳೆದುಕೊಂಡ ಎರಡನೆಯ ಭಾಗ ‘ಸ್ಟನ್’ ಎಂದು ಸವೆಯಿತು. ಹೀಗೆ ವೀಗ್‌ಸ್ಟಾನ್ ವಿಸ್ಟನ್ ಆದದ್ದು.

ಇನ್ನು ಅರ್ಥದ ಮಾತು. ಜಾಲತಾಣಗಳು ಹೇಳುವುದು ಬಿಡಿಬಿಡಿಯಾಗಿ ಸರಿ, ಒಟ್ಟಾಗಿ ದಾರಿ ತಪ್ಪಿಸುವಂಥದ್ದು. ನಾರ್ಮನ್ನರು ಬರುವ ಮೊದಲು ಇಂಗ್ಲೆಂಡಿನ ಗಣ್ಯ ಮನೆತನಗಳಲ್ಲಿ ಹೆಸರುಗಳನ್ನು ಎರಡು ಪದಗಳನ್ನು ಕೂಡಿಸಿ ಕಟ್ಟುತ್ತಿದ್ದರು. ಯುದ್ಧ, ಶಾಂತಿ, ತೋಳ, ಕಲ್ಲು, ಕುಲೀನತೆ, ರಕ್ಷಣೆ, ಸಂಪತ್ತು ಮುಂತಾದ ಅರ್ಥದ ಪದಗಳ ಒಂದು ಸಂಗ್ರಹವೇ ಅದಕ್ಕೆ ಮೀಸಲಾಗಿತ್ತು. ಕೂಡಿಸಿದ ಮೇಲೆ ಇಡೀ ಹೆಸರಿಗೆ ಸಮಾಸದಂತೆ ಒಂದು ಅರ್ಥ ಹೊರಡಬೇಕೆಂಬ ನಿರ್ಬಂಧವೇನೂ ಇರಲಿಲ್ಲ; ಮಗು ಯಾವ ಮನೆಯದು ಎಂಬುದು ಹೆಸರಿನಲ್ಲಿ ಕೇಳಿಸಿದರೆ ಸಾಕಾಗಿತ್ತು. ಮಧ್ಯ ಇಂಗ್ಲೆಂಡಿನಲ್ಲಿದ್ದ ಮರ್ಸಿಯ ರಾಜ್ಯದ ದೊರೆ ವಿಗ್ಲಾಫ್, ಅವನ ಮಗ ವಿಗ್‌ಮಂಡ್, ಮೊಮ್ಮಗ ವಿಗ್‌ಸ್ಟಾನ್ ಈ ಮೂವರನ್ನು ಒಟ್ಟಿಗೆ ಇಟ್ಟು ನೋಡಿದರೆ ವಿಷಯ ತಾನಾಗಿ ತಿಳಿಯುತ್ತದೆ. ಮೂರು ತಲೆಮಾರಿನಲ್ಲೂ ‘ವಿಗ್’ ಉಳಿಯಿತು, ಬದಲಾದದ್ದು ಬಾಲ ಮಾತ್ರ.

ಇದಕ್ಕಿಂತಲೂ ಸೊಗಸಾದ ಸಾಕ್ಷಿ ವೂಸ್ಟರ್‌ನ ಬಿಷಪ್ ವುಲ್ಫ್‌ಸ್ಟಾನ್ ಅವರದು. 1095ರಲ್ಲಿ ತೀರಿಕೊಂಡ ಅವರ ತಂದೆಯ ಹೆಸರು ಎಥೆಲ್‌ಸ್ಟಾನ್, ತಾಯಿಯ ಹೆಸರು ವುಲ್ಫ್‌ಗಿಫು. ತಾಯಿಯ ಹೆಸರಿನ ತಲೆಯನ್ನೂ ತಂದೆಯ ಹೆಸರಿನ ಬಾಲವನ್ನೂ ಜೋಡಿಸಿ ಮಗನಿಗೆ ಇಟ್ಟರೆಂದು ಅವರ ಜೀವನ ಚರಿತ್ರೆಯಲ್ಲೇ ಹೇಳಿದೆ. ಅಲ್ಲಿ ತೋಳಕ್ಕೂ ಕಲ್ಲಿಗೂ ಅರ್ಥಸಂಬಂಧವನ್ನು ಹುಡುಕುತ್ತ ಕೂರುವುದು ವ್ಯರ್ಥ. ನಿಮ್ಮ ಲೇಖನದಲ್ಲಿ ‘ಯುದ್ಧದ ಕಲ್ಲು ಎಂಬರ್ಥದ ಹೆಸರು’ ಎಂದು ಬರೆಯುವುದಕ್ಕಿಂತ ‘ಯುದ್ಧ ಮತ್ತು ಕಲ್ಲು ಎಂಬ ಎರಡು ಪದಗಳಿಂದಾದ ಹೆಸರು’ ಎಂದು ಬರೆಯುವುದು ಹೆಚ್ಚು ಪ್ರಾಮಾಣಿಕವಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಸ್ಟಾನ್’ ಪುಲ್ಲಿಂಗ ಶಬ್ದವಾದ್ದರಿಂದ ಅದರಿಂದ ಮುಗಿಯುವ ಹೆಸರುಗಳು ಗಂಡಸರವು; ‘ಗಿಫು’, ‘ಬುರ್ಗ್’ ಮೊದಲಾದವುಗಳಿಂದ ಮುಗಿಯುವವು ಹೆಂಗಸರವು.

ಉತ್ತರ: ಹಳೆಗೋಪುರ

ನುಡಿಬೇರು ಅವರು ಮೇಲೆ ಹೆಸರಿಸಿದ ಮೊಮ್ಮಗ ವಿಗ್‌ಸ್ಟಾನ್‌ನೇ ಆಡೆನ್ ಅವರ ಹೆಸರಿನ ಹಿಂದಿರುವ ವ್ಯಕ್ತಿ. ಸಂಪ್ರದಾಯದ ಪ್ರಕಾರ ಈ ರಾಜಕುಮಾರ ಸಿಂಹಾಸನವನ್ನು ಬಯಸದೆ ಧಾರ್ಮಿಕ ಬದುಕಿನತ್ತ ಒಲಿದವನು. ವಿಗ್ಲಾಫನ ನಂತರ ಮರ್ಸಿಯವನ್ನು ಆಳಿದ ಬೆರ್ಟ್‌ವುಲ್ಫನ ಮಗ, ವಿಗ್‌ಸ್ಟಾನ್‌ನ ವಿಧವೆ ತಾಯಿಯನ್ನು ಮದುವೆಯಾಗಲು ಹೊರಟನು. ಹತ್ತಿರದ ನಂಟಿನವರ ನಡುವೆ ಅಂಥ ಮದುವೆ ಸಲ್ಲದೆಂದು ವಿಗ್‌ಸ್ಟಾನ್ ಅಡ್ಡ ನಿಂತದ್ದರಿಂದ 849ರಲ್ಲಿ ಅವನ ಕೊಲೆಯಾಯಿತು. ಕೊಲೆಯಾದ ಜಾಗದಲ್ಲಿ 30 ದಿನಗಳ ಕಾಲ ಬೆಳಕಿನ ಕಂಬವೊಂದು ಕಾಣಿಸಿತೆಂಬ ಕಥೆ ಹುಟ್ಟಿತು, ಜನ ಅವನನ್ನು ಹುತಾತ್ಮ ಸಂತನೆಂದು ಪೂಜಿಸತೊಡಗಿದರು. ಜೂನ್ 1 ಅವನ ಸ್ಮರಣೆಯ ದಿನ. ಲೆಸ್ಟರ್‌ಶೈರ್‌ನ ವಿಸ್ಟೊ ಎಂಬ ಊರಿನ ಹೆಸರಿನಲ್ಲಿ ಅವನ ಹೆಸರೇ ಅಡಗಿದೆ. ಶ್ರಾಪ್‌ಶೈರ್‌ನ ವಿಸ್ಟನ್‌ಸ್ಟೊ ಕೂಡ ಆ ಘಟನೆ ತನ್ನಲ್ಲೇ ನಡೆದದ್ದೆಂದು ಹಕ್ಕು ಸಾಧಿಸುತ್ತ ಬಂದಿದೆ.

ಶವವನ್ನು ಹೂಳಿದ್ದು ಡರ್ಬಿಶೈರ್‌ನ ರೆಪ್ಟನ್‌ನಲ್ಲಿ, ಅಜ್ಜ ವಿಗ್ಲಾಫನ ಸಮಾಧಿಯಿದ್ದ ನೆಲಮಾಳಿಗೆಯಲ್ಲೇ. ಆ ನೆಲಮಾಳಿಗೆ ಇಂದಿಗೂ ಸೇಂಟ್ ವಿಸ್ಟನ್ ಚರ್ಚಿನ ಅಡಿಯಲ್ಲಿದೆ. ತಿರುಚು ಗೆರೆಗಳ ನಾಲ್ಕು ಕಂಬಗಳ ಮೇಲೆ ನಿಂತ ಆ ಪುಟ್ಟ ಕೋಣೆ ಇಂಗ್ಲೆಂಡಿನಲ್ಲಿ ಉಳಿದಿರುವ ಆಂಗ್ಲೋ-ಸ್ಯಾಕ್ಸನ್ ಕಟ್ಟಡಗಳಲ್ಲಿ ಅತ್ಯುತ್ತಮವಾದವುಗಳ ಸಾಲಿಗೆ ಸೇರುತ್ತದೆ. 873-74ರ ಚಳಿಗಾಲದಲ್ಲಿ ವೈಕಿಂಗ್ ಸೈನ್ಯ ರೆಪ್ಟನ್‌ನಲ್ಲಿ ಬೀಡುಬಿಟ್ಟಿತು. ಮುಂದೆ ಕನೂಟ್ ದೊರೆಯ ಕಾಲದಲ್ಲಿ ಸಂತನ ಅಸ್ಥಿಗಳನ್ನು ಈವ್‌ಷಮ್ ಮಠಕ್ಕೆ ಸಾಗಿಸಲಾಯಿತು. ನೆಲಮಾಳಿಗೆಯನ್ನಂತೂ ಜನ ಮರೆತೇಬಿಟ್ಟಿದ್ದರು. 1779ರಲ್ಲಿ ಗೋರಿ ತೋಡುತ್ತಿದ್ದ ಕೆಲಸಗಾರನೊಬ್ಬ ನೆಲ ಕುಸಿದು ಒಳಗೆ ಬಿದ್ದಾಗಲೇ ಅದು ಮತ್ತೆ ಬೆಳಕಿಗೆ ಬಂದದ್ದು.

ಈಗ ಆಡೆನ್ ಕುಟುಂಬದ ವಿಷಯ. 1557ರಲ್ಲಿ ಸ್ಥಾಪನೆಯಾದ ರೆಪ್ಟನ್ ಶಾಲೆ ಇರುವುದು ಈ ಚರ್ಚಿನ ಪಕ್ಕದಲ್ಲೇ. ಕವಿಯ ತಂದೆ, ವೈದ್ಯರಾಗಿದ್ದ ಜಾರ್ಜ್ ಅಗಸ್ಟಸ್ ಆಡೆನ್, ಓದಿದ್ದು ಅಲ್ಲಿಯೇ. ಪುರಾತನ ವಸ್ತುಗಳಲ್ಲಿಯೂ ಉತ್ತರ ಯುರೋಪಿನ ಪುರಾಣಗಳಲ್ಲಿಯೂ ಅವರಿಗೆ ಆಳವಾದ ಆಸಕ್ತಿಯಿತ್ತು. ಮೊದಲ ಇಬ್ಬರು ಗಂಡುಮಕ್ಕಳಿಗೆ ಬರ್ನಾರ್ಡ್, ಜಾನ್ ಎಂಬ ರೂಢಿಯ ಹೆಸರುಗಳು ಸಂದವು. 1907ರ ಫೆಬ್ರವರಿ 21ರಂದು ಯಾರ್ಕ್‌ನಲ್ಲಿ ಹುಟ್ಟಿದ ಮೂರನೆಯವನಿಗೆ ರೆಪ್ಟನ್‌ನ ಸಂತನ ಹೆಸರು ಸಿಕ್ಕಿತು. ಆದ್ದರಿಂದ ‘ಯಾವ ತಂದೆ ತಾನೇ’ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಆ ತಂದೆ ಇಟ್ಟದ್ದು ಯುದ್ಧದ ಹೆಸರನ್ನೂ ಅಲ್ಲ, ಕಲ್ಲಿನ ಹೆಸರನ್ನೂ ಅಲ್ಲ, ತಾನು ಬಾಲ್ಯದಲ್ಲಿ ಕಂಡ ಚರ್ಚಿನ ಹೆಸರನ್ನು.

ಪ್ರಶ್ನಿಸಿದವರು: ಪುಟದಂಚು

ಇಬ್ಬರಿಗೂ ಧನ್ಯವಾದಗಳು. ಅರ್ಥದ ಗೊಂದಲ ಪೂರ್ಣವಾಗಿ ಪರಿಹಾರವಾಯಿತು. ಆದರೆ ಇದೇ ‘ಸ್ಟಾನ್’ ಇರುವ ಡನ್‌ಸ್ಟನ್ ಅಷ್ಟಿಷ್ಟು ಕೇಳಿಬರುತ್ತದೆ, ಅದೇ ಕಾಲದ ಎಡ್ವರ್ಡ್, ಎಡ್ಮಂಡ್, ಆಲ್‌ಫ್ರೆಡ್ ಎಲ್ಲರಿಗೂ ಪರಿಚಿತ. ವಿಸ್ಟನ್ ಮಾತ್ರ ಏಕೆ ಹಿಂದೆ ಉಳಿಯಿತು?

ಉತ್ತರ: ಜನನದಾಖಲೆ

ಹಿಂದೆ ಉಳಿದದ್ದು ವಿಸ್ಟನ್ ಒಂದೇ ಅಲ್ಲ, ಬಹುಪಾಲು ಹಳೆಯ ಇಂಗ್ಲಿಷ್ ಹೆಸರುಗಳಿಗೆ ಅದೇ ಗತಿಯಾಯಿತು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಕೆಲವೇ ತಲೆಮಾರುಗಳಲ್ಲಿ ವಿಲಿಯಂ, ರಾಬರ್ಟ್, ರಿಚರ್ಡ್ ಮುಂತಾದ ಹೊಸ ಒಡೆಯರ ಹೆಸರುಗಳು ರೈತರ ಮನೆಗಳವರೆಗೂ ಇಳಿದವು. ಜೊತೆಗೆ ಜಾನ್, ಥಾಮಸ್ ಮುಂತಾದ ಸಂತರ ಹೆಸರುಗಳು ಸೇರಿಕೊಂಡವು. ಉಳಿದವು ಉಳಿದದ್ದು ಅರಮನೆಯ ಅಥವಾ ಚರ್ಚಿನ ಆಶ್ರಯ ಸಿಕ್ಕಿದ್ದರಿಂದ. ಮೂರನೆಯ ಹೆನ್ರಿ ತನ್ನ ಇಬ್ಬರು ಮಕ್ಕಳಿಗೆ 1239ರಲ್ಲಿ ಎಡ್ವರ್ಡ್ ಎಂದೂ 1245ರಲ್ಲಿ ಎಡ್ಮಂಡ್ ಎಂದೂ ಇಂಗ್ಲಿಷ್ ಸಂತರಾಜರ ಹೆಸರುಗಳನ್ನಿಟ್ಟನು, ಆ ಎರಡೂ ಬದುಕಿಕೊಂಡವು. ಡನ್‌ಸ್ಟನ್ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿದ್ದವರಾದ್ದರಿಂದ ಅವರ ಹೆಸರಿನ ಚರ್ಚುಗಳು ದೂರದೂರಕ್ಕೂ ಹರಡಿದವು. ಆಲ್‌ಫ್ರೆಡ್, ಎಡ್ವಿನ್, ಎಡ್ಗರ್, ಹೆರಾಲ್ಡ್ ಮೊದಲಾದವನ್ನು ಮತ್ತೆ ಎತ್ತಿ ಹಿಡಿದದ್ದು ಆಂಗ್ಲೋ-ಸ್ಯಾಕ್ಸನ್ ಗತಕಾಲವನ್ನು ಮೆಚ್ಚಿಕೊಂಡ ಹತ್ತೊಂಬತ್ತನೆಯ ಶತಮಾನ. ವಿಸ್ಟನ್‌ಗೆ ಈ ಯಾವ ಭಾಗ್ಯವೂ ಒದಗಲಿಲ್ಲ. ಅವನು ಮಧ್ಯ ಇಂಗ್ಲೆಂಡಿನ ಕೆಲವೇ ಊರುಗಳ ಸಂತನಾಗಿ ಉಳಿದುಬಿಟ್ಟನು.

ಇಂದಿನ ಬಳಕೆಯ ಬಗ್ಗೆ ಒಂದು ಎಚ್ಚರಿಕೆಯ ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ರಾಷ್ಟ್ರೀಯ ಅಂಕಿಅಂಶ ಕಚೇರಿಯ ವಾರ್ಷಿಕ ಪಟ್ಟಿಗಳು 1996ರಿಂದ ದೊರೆಯುತ್ತವೆ. ಒಂದು ವರ್ಷದಲ್ಲಿ ಮೂರಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಅವು ತೋರಿಸುವುದಿಲ್ಲ. ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತದ ಪಟ್ಟಿ 1880ರಷ್ಟು ಹಿಂದಕ್ಕೆ ಹೋಗುತ್ತದೆಯಾದರೂ ಅಲ್ಲಿ ಕನಿಷ್ಠ ಮಿತಿ ಐದು. ಅಲ್ಲದೆ 1937ಕ್ಕೆ ಮೊದಲು ಹುಟ್ಟಿದ ಅನೇಕರು ಆ ಸಾಮಾಜಿಕ ಭದ್ರತಾ ಯೋಜನೆಗೆ ಅರ್ಜಿಯನ್ನೇ ಹಾಕದಿದ್ದುದರಿಂದ ಹಳೆಯ ವರ್ಷಗಳ ಲೆಕ್ಕ ಅಪೂರ್ಣ. ಇಂಥ ಪಟ್ಟಿಯಲ್ಲಿ ಒಂದು ಹೆಸರು ಕಾಣದಿದ್ದರೆ ‘ಆ ವರ್ಷ ಯಾರೂ ಇಡಲಿಲ್ಲ’ ಎಂಬ ತೀರ್ಮಾನ ಸಲ್ಲದು, ‘ಮಿತಿಯನ್ನು ಮುಟ್ಟಲಿಲ್ಲ’ ಎನ್ನಬಹುದು ಅಷ್ಟೇ. ವಿಸ್ಟನ್ ಇಂಗ್ಲೆಂಡಿನ ಮೊದಲ ನೂರು ಹೆಸರುಗಳ ಸಾಲಿಗೆ ಎಂದೂ ಬಂದದ್ದಿಲ್ಲ. ‘ಜನಪ್ರಿಯತೆಯ ಸ್ಥಾನ’ವೆಂದು ದೊಡ್ಡ ಸಂಖ್ಯೆಯೊಂದನ್ನು ತೋರಿಸುವ ಜಾಲತಾಣಗಳನ್ನು ನಂಬಬೇಡಿ. ಆ ಮಟ್ಟದಲ್ಲಿ ಒಂದೇ ಒಂದು ಮಗು ಹೆಚ್ಚಾದರೂ ನೂರಾರು ಸ್ಥಾನಗಳು ಏರುಪೇರಾಗುತ್ತವೆ. ಹೆಸರಿನಿಂದ ಸ್ವಭಾವವನ್ನು ಹೇಳುವ ಅವೇ ತಾಣಗಳ ಇನ್ನೊಂದು ವಿಭಾಗದ ಬಗ್ಗೆ ಮಾತನಾಡದಿರುವುದೇ ಲೇಸು.

ಇಪ್ಪತ್ತನೆಯ ಶತಮಾನದಲ್ಲಿ ಈ ಹೆಸರಿಗೆ ಒಬ್ಬ ಪ್ರಸಿದ್ಧ ವಾರಸುದಾರ ಸಿಕ್ಕಿದ್ದು ನಿಜ. ಆದರೆ ಆತ ಜೀವನದುದ್ದಕ್ಕೂ ಪುಸ್ತಕಗಳ ಮೇಲೆ ಮೊದಲಕ್ಷರಗಳನ್ನಷ್ಟೇ ಹಾಕಿಸಿಕೊಂಡರು. ಓದುಗರ ಕಣ್ಣಿಗೇ ಬೀಳದ ಹೆಸರು ತೊಟ್ಟಿಲಿಗೆ ಬರುವುದು ಹೇಗೆ?

ಉತ್ತರ: ಹಳೆಗೋಪುರ

ಕೊನೆಯ ಮಾತನ್ನು ನಾನು ಒಪ್ಪಲಾರೆ. ಆಲ್ಡಸ್ ಹಕ್ಸ್‌ಲಿ ತಮ್ಮ ಹೆಸರನ್ನು ಎಲ್ಲ ಪುಸ್ತಕಗಳ ಮೇಲೂ ಪೂರ್ತಿಯಾಗಿ ಅಚ್ಚು ಹಾಕಿಸಿದರು, ಆಡೆನ್ ಅವರಿಗಿಂತ ಹೆಚ್ಚು ಓದುಗರನ್ನೂ ಪಡೆದರು. ಆದರೂ ಆಲ್ಡಸ್ ಎಂಬ ಹೆಸರು ಇಂದಿಗೂ ವಿರಳವೇ. ಸಾಹಿತಿಯ ಕೀರ್ತಿಯಿಂದ ಹೆಸರು ಹರಡುವುದು ಬಹಳ ಕಡಿಮೆ. ಹರಡುವುದಿದ್ದರೆ ಸಾಹಿತಿ ಸೃಷ್ಟಿಸಿದ ಪಾತ್ರದ ಹೆಸರು ಹರಡುತ್ತದೆ. ಕಿವಿಗೆ ವಿಸ್ಟನ್ ಎಂಬುದು ವಿನ್‌ಸ್ಟನ್‌ನ ತಪ್ಪು ಉಚ್ಚಾರಣೆಯಂತೆ ಕೇಳುತ್ತದೆಂಬುದೂ ಒಂದು ಅಡ್ಡಿಯೆಂದು ನನ್ನ ಊಹೆ.

ಉತ್ತರ: ನುಡಿಬೇರು

ವಿನ್‌ಸ್ಟನ್ ಮಾತು ಬಂದದ್ದರಿಂದ ಮೊದಲ ಪ್ರಶ್ನೆಯಲ್ಲಿ ಉಳಿದುಹೋಗಿದ್ದ ಭಾಗಕ್ಕೆ ಉತ್ತರಿಸುತ್ತೇನೆ. ವಿನ್‌ಸ್ಟನ್ ಬಂದದ್ದು ಬೇರೆ ದಾರಿಯಲ್ಲಿ: ಅದು ಮೊದಲು ಊರ ಹೆಸರು, ಆಮೇಲೆ ಮನೆತನದ ಹೆಸರು, ಕೊನೆಗೆ ವ್ಯಕ್ತಿಯ ಹೆಸರು. ಹದಿನೇಳನೆಯ ಶತಮಾನದ ಸರ್ ವಿನ್‌ಸ್ಟನ್ ಚರ್ಚಿಲ್ ಅವರಿಗೆ ಆ ಹೆಸರು ಬಂದದ್ದು ತಾಯಿಯಿಂದ. ಆಕೆಯ ತವರು ಮನೆತನ ವಿನ್‌ಸ್ಟನ್. ಪ್ರಧಾನಿ ಚರ್ಚಿಲ್ ಅವರ ಹೆಸರು ಆ ಪೂರ್ವಜನದೇ. ಟ್ರಿಸ್ಟನ್‌ಗೂ ವಿಸ್ಟನ್‌ಗೂ ಪ್ರಾಸವನ್ನು ಬಿಟ್ಟರೆ ನಂಟಿಲ್ಲ. ಅದರ ಮೂಲವನ್ನು ಹುಡುಕುವವರು ಹೋಗುವುದು ಪ್ರಾಚೀನ ಸ್ಕಾಟ್ಲೆಂಡಿನ ಪಿಕ್ಟ್ ಜನಾಂಗದ ದೊರೆಗಳ ‘ಡ್ರಸ್ಟ್’ ಎಂಬ ಹೆಸರಿನತ್ತ. ನಿಜವಾದ ದಾಯಾದಿಗಳು ಎಥೆಲ್‌ಸ್ಟನ್, ಡನ್‌ಸ್ಟನ್, ವುಲ್ಫ್‌ಸ್ಟನ್. ಥರ್ಸ್ಟನ್ ಕೂಡ ಆ ಬಳಗದ್ದೇ, ಆದರೆ ಅದು ಥಾರ್ ದೇವರ ಹೆಸರನ್ನು ಹೊತ್ತು ವೈಕಿಂಗರ ಜೊತೆ ಬಂದದ್ದು.

ಪ್ರಶ್ನಿಸಿದವರು: ಪುಟದಂಚು

ಕೊನೆಯದೊಂದು ಸಂದೇಹ. ಕಾಜುವೊ ಇಶಿಗುರೊ ಅವರು 2015ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಸ್ಯಾಕ್ಸನ್ ಯೋಧನೊಬ್ಬನಿಗೆ ಇದೇ ಹೆಸರಿದೆ, ಆದರೆ ಅಲ್ಲಿ ವೈ ಬದಲು ಐ ಅಕ್ಷರವಿದೆ. ಕನ್ನಡದಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ತೋರಿಸುವ ಅಗತ್ಯವಿದೆಯೇ?

ಉತ್ತರ: ನುಡಿಬೇರು

ಅಗತ್ಯವಿಲ್ಲ. ಹೆಸರು ಒಂದೇ, ಉಚ್ಚಾರಣೆಯೂ ಒಂದೇ. ಕಾದಂಬರಿಕಾರರು ಬಳಸಿದ್ದು ಇನ್ನೊಂದು ಹಳೆಯ ಕಾಗುಣಿತವನ್ನು ಮಾತ್ರ. ಎರಡನ್ನೂ ‘ವಿಸ್ಟನ್’ ಎಂದೇ ಬರೆಯಿರಿ. 849ರ ರಾಜಕುಮಾರನನ್ನು ಹೆಸರಿಸುವಲ್ಲಿ ಮಾತ್ರ ‘ವಿಗ್‌ಸ್ಟಾನ್’ ಎಂಬ ಹಳೆಯ ರೂಪವನ್ನು ಇಟ್ಟುಕೊಂಡರೆ ಯಾರ ಬಗ್ಗೆ ಮಾತನಾಡುತ್ತಿದ್ದೀರೆಂಬುದು ಓದುಗರಿಗೆ ಸ್ಪಷ್ಟವಾಗಿರುತ್ತದೆ.