ಸೊನ್ನೆಯ ಬದಲು 50: ಕುಟುಂಬದ ಗುಂಪಿನಲ್ಲಿ ಅಂಕಗಳ ಜಗಳ

ರಮೇಶಣ್ಣ (ಹಲವು ಬಾರಿ ಫಾರ್ವರ್ಡ್ ಆಗಿದೆ):
ಪೋಷಕರೇ ಎಚ್ಚರ!! ಇನ್ನು ಹೈಸ್ಕೂಲಿನಲ್ಲಿ ಸೊನ್ನೆ ಕೊಡುವಂತಿಲ್ಲ. ಅಸೈನ್‌ಮೆಂಟ್ ಕೊಡದ ವಿದ್ಯಾರ್ಥಿಗೂ 50 ಅಂಕ ಗ್ಯಾರಂಟಿ. ತಡವಾಗಿ ಕೊಟ್ಟರೂ ಅಂಕ ಕಡಿತವಿಲ್ಲ. ಎಷ್ಟು ಸಲ ಬೇಕಾದರೂ ಪರೀಕ್ಷೆ ಮತ್ತೆ ಬರೆಯಬಹುದು. ಎಲ್ಲರಿಗೂ ಶೇರ್ ಮಾಡಿ.

ರಮೇಶಣ್ಣ: ನಾನು ಮೊದಲಿಂದ ಹೇಳ್ತಾನೇ ಇದ್ದೆ. ಮಕ್ಕಳಿಗೆ ಜವಾಬ್ದಾರಿ ಅನ್ನೋದೇ ಇಲ್ಲದ ಹಾಗೆ ಮಾಡ್ತಿದ್ದಾರೆ.

ದೊಡ್ಡಪ್ಪ: ಸತ್ಯವಾದ ಮಾತು. ಕೆಲಸಕ್ಕೆ ಬಾರದವನಿಗೂ ಅರ್ಧ ಕೂಲಿ ಕೊಟ್ಟರೆ, ದಿನವಿಡೀ ದುಡಿದವನಿಗೆ ಅವಮಾನ ಮಾಡಿದ ಹಾಗೆ. ಶಿಸ್ತು ಇಲ್ಲದ ವಿದ್ಯೆ ವಿದ್ಯೆಯೇ ಅಲ್ಲ.

ವಿನಯ: ಯಾವ ಶಾಲೆ? ಯಾರ ಆದೇಶ? ದಿನಾಂಕ ಎಲ್ಲಿ? ಮೂಲ ಹಾಕಿ ಅಣ್ಣ.

ರಮೇಶಣ್ಣ: ಶುರುವಾಯ್ತು. ಹೋದ ಸಲ ಪರೀಕ್ಷೆ ಮುಂದಕ್ಕೆ ಹೋಗುತ್ತೆ ಅಂತ ಹಾಕಿದಾಗಲೂ ಹೀಗೇ ಕೇಳಿದ್ದೆ.

ವಿನಯ: ಆಗಲೂ ಮೂಲ ಬರಲಿಲ್ಲ, ಪರೀಕ್ಷೆಯೂ ಮುಂದಕ್ಕೆ ಹೋಗಲಿಲ್ಲ.

ಜಯತ್ತೆ: ಇಬ್ಬರೂ ಸುಮ್ನಿರಿ. ಸುಮಾ ಹೈಸ್ಕೂಲಿನಲ್ಲೇ ಪಾಠ ಮಾಡ್ತಾಳಲ್ಲ, ಅವಳನ್ನ ಕೇಳಿ.

ಸುಮಕ್ಕ: ಈ ಮೆಸೇಜ್‌ನಲ್ಲಿ ಮೂರು ಬೇರೆ ಬೇರೆ ನಿಯಮ ಕಲಸಿಬಿಟ್ಟಿದ್ದಾರೆ. ಕನಿಷ್ಠ ಅಂಕ ಒಂದು, ತಡಕ್ಕೆ ಕಡಿತ ಇನ್ನೊಂದು, ಮರುಪರೀಕ್ಷೆ ಮತ್ತೊಂದು. ಒಂದಿದ್ದ ಕಡೆ ಇನ್ನೊಂದು ಇರಲೇಬೇಕು ಅಂತೇನಿಲ್ಲ. ಕನಿಷ್ಠ 50 ಅನ್ನೋದು ಅಮೆರಿಕದ ಕೆಲವು ಶಾಲಾ ಜಿಲ್ಲೆಗಳಲ್ಲಿ ನಿಜವಾಗಿಯೂ ಇದೆ. ಆದ್ರೆ ಅಲ್ಲಿ ಸಾಮಾನ್ಯವಾಗಿ ಪಾಸ್ ಆಗೋಕೆ 60 ಬೇಕು. 50 ಸಿಕ್ಕವನು ಅಲ್ಲಿ ಫೇಲೇ. ಆ 60 ಅನ್ನೋ ಸಂಖ್ಯೆಯನ್ನೇ ಮೆಸೇಜ್‌ನಲ್ಲಿ ಬಿಟ್ಟಿದ್ದಾರೆ. ಪಾಸಿಗೆ 35 ಇರೋ ಕಡೆ ಇದೇ 50 ತಂದು ಹಾಕಿದ್ರೆ ಪುಸ್ತಕ ತೆರೆಯದವನೂ ಪಾಸ್. ಪಾಸಿನ ಗೆರೆ ಎಲ್ಲಿದೆ ಅಂತ ಹೇಳದೆ ಈ ನಿಯಮ ಸರಿಯೋ ತಪ್ಪೋ ಅಂತ ಮಾತಾಡೋಕೇ ಆಗಲ್ಲ.

ದೊಡ್ಡಪ್ಪ: ಹೇಗೂ ಫೇಲ್ ಅಂದ ಮೇಲೆ 50 ಯಾಕಮ್ಮ? ಸೊನ್ನೆ ಅಂದ್ರೆ ಸೊನ್ನೆ.

ಸುಮಕ್ಕ: ಲೆಕ್ಕ ನೋಡಿ ದೊಡ್ಡಪ್ಪ. ಆ ಪದ್ಧತಿಯಲ್ಲಿ 90ರಿಂದ ಎ, 80ರಿಂದ ಬಿ, 70ರಿಂದ ಸಿ, 60ರಿಂದ ಡಿ. ಒಂದೊಂದು ದರ್ಜೆಗೂ ಹತ್ತತ್ತು ಅಂಕ. ಕೊನೆಯ ಎಫ್ ಮಾತ್ರ 0ರಿಂದ 59ರ ತನಕ. ಹೀಗಿರೋವಾಗ ಸರಾಸರಿ ತೆಗೆದ್ರೆ ಒಂದು ಸೊನ್ನೆ ಉಳಿದೆಲ್ಲವನ್ನೂ ಎಳೆದು ಹಾಕುತ್ತೆ. ಒಂದು ಸೊನ್ನೆ ಬಿದ್ದ ಹುಡುಗಿ ಆಮೇಲೆ ಪ್ರತಿ ಸಲ 80 ತೆಗೆದರೂ, ಸರಾಸರಿ 70 ಮುಟ್ಟೋಕೆ ಏಳು ಸಲ ತೆಗೀಬೇಕು. ಅದೇ ಸೊನ್ನೆ ಜಾಗದಲ್ಲಿ 50 ಇದ್ದಿದ್ರೆ ಎರಡು ಸಲ ಸಾಕು. ಟರ್ಮ್‌ನ ಆರಂಭದಲ್ಲೇ ಎರಡು ಸೊನ್ನೆ ಬಿದ್ದವರು ಎಷ್ಟೋ ಸಲ ಅಲ್ಲಿಗೇ ಕೈಬಿಡ್ತಾರೆ. ಇನ್ನು ಓದಿದ್ರೂ ಉಪಯೋಗ ಇಲ್ಲ ಅಂತ ಅವರೇ ಕೂಡಿ ಕಳೆದು ನೋಡಿಕೊಂಡಿರ್ತಾರೆ. ಜವಾಬ್ದಾರಿ ಕಲಿಸೋಕೆ ಕೊಟ್ಟ ಸೊನ್ನೆಯಿಂದ ಹೀಗೂ ಆಗುತ್ತೆ.

ವಿನಯ: ಏಳು 80 ಸೇರಿದ್ರೆ 560, ಎಂಟರಿಂದ ಭಾಗಿಸಿದ್ರೆ 70. ಲೆಕ್ಕ ಸರಿ. ಆದ್ರೆ ಇನ್ನೊಂದು ಕಡೆಯಿಂದಲೂ ನೋಡಿ ಸುಮಕ್ಕ. ಹತ್ತು ಅಸೈನ್‌ಮೆಂಟ್. ನಾಲ್ಕು ಕೊಟ್ಟ, ನಾಲ್ಕರಲ್ಲೂ 75. ಆರು ಕೊಡಲೇ ಇಲ್ಲ, ಆರಕ್ಕೂ ಬಿಟ್ಟಿ 50. 300 ಮತ್ತು 300, ಒಟ್ಟು 600, ಸರಾಸರಿ 60. ಪಾಸ್. ಕನಿಷ್ಠ ಅಂಕ ಇಲ್ಲದಿದ್ರೆ ಅವನದು 30.

ರಮೇಶಣ್ಣ: ನೋಡಿ! ವಿನಯನೇ ಒಪ್ಪಿಕೊಂಡ.

ವಿನಯ: ನಾನು ನಿಮ್ಮ ಮೆಸೇಜ್ ಒಪ್ಪಿಲ್ಲ. ಕನಿಷ್ಠ 50ರಲ್ಲಿ ಒಂದು ತೂತು ಇದೆ ಅಂದೆ. ಮೇಲೆ ಓದಿ.

ರಮೇಶಣ್ಣ: ಎರಡೂ ಒಂದೇ.

ವಿನಯ: ಒಂದೇ ಅಲ್ಲ. ಮೂಲ ಇನ್ನೂ ಬಂದಿಲ್ಲ.

ಗಿರಿ: ಈಗಷ್ಟೇ ನೋಡಿದೆ. ಪ್ರೋಗ್ರೆಸ್ ಕಾರ್ಡ್ ನೆನಪಿದೆಯಾ ಯಾರಿಗಾದ್ರೂ? ದಪ್ಪ ರಟ್ಟು, ಕಡಿಮೆ ಅಂಕದ ಕೆಳಗೆ ಕೆಂಪು ಇಂಕಿನ ಗೆರೆ, ಕೊನೆಗೆ ಪೋಷಕರ ಸಹಿ. ಅಂಕದ ಪಕ್ಕ ಹಾಜರಿ, ನಡತೆ ಅಂತ ಬೇರೆ ಕಾಲಂ. ಆ ಕಾಲವೇ ಬೇರೆ.

ದೊಡ್ಡಪ್ಪ: ಆಗ ಮೇಷ್ಟ್ರು ಅಂದ್ರೆ ಭಯ ಇತ್ತು, ಗೌರವ ಇತ್ತು. ಈಗ ಪೋಷಕರೇ ಮೇಷ್ಟ್ರಿಗೆ ಪಾಠ ಹೇಳ್ತಾರೆ.

ಪಲ್ಲವಿ ಅತ್ತಿಗೆ: ದೊಡ್ಡಪ್ಪ, ಪ್ರಶ್ನೆ ಕೇಳೋದು ಅಗೌರವ ಅಲ್ಲ.

ಸುಮಕ್ಕ: ಗಿರಿ, ನೀನು ಹೇಳಿದ ಆ ಬೇರೆ ಕಾಲಂ ಇದೆಯಲ್ಲ, ನನ್ನ ಪ್ರಕಾರ ಇಡೀ ಜಗಳದ ಗಂಟು ಅಲ್ಲೇ ಇರೋದು. ಈಗ ಒಂದೇ ಅಂಕದೊಳಗೆ ಎರಡು ಸಂಗತಿ ತುರುಕ್ತೀವಿ: ಮಗುವಿಗೆ ಏನು ಬರುತ್ತೆ, ಮಗು ಹೇಗೆ ನಡೆದುಕೊಂಡಿತು. ಉದಾಹರಣೆಗೆ ದಿನಕ್ಕೆ 10 ಅಂಕ ಕಡಿತ ಅಂತ ನಿಯಮ. 90ಕ್ಕೆ ಯೋಗ್ಯವಾದ ಕೆಲಸ ಮೂರು ದಿನ ತಡವಾದ್ರೆ 60. ಮನೆಯವರಿಗೆ ಕಾಣೋದು 60 ಮಾತ್ರ. ಬೀಜಗಣಿತ ಬರಲ್ಲ ಅಂದುಕೊಂಡು ಟ್ಯೂಷನ್‌ಗೆ ಹಾಕ್ತಾರೆ. ಆ ಮಗುವಿಗೆ ಬೇಕಾಗಿರೋದು ಬೀಜಗಣಿತ ಅಲ್ಲ, ದಿನಚರಿ. ಇದರ ಉಲ್ಟಾನೂ ಆಗುತ್ತೆ. ಹೋಮ್‌ವರ್ಕ್ ತಪ್ಪದೆ ಕೊಟ್ಟು, ನೋಟ್ಸ್ ಅಂದವಾಗಿ ಬರೆದು, ತರಗತಿಯಲ್ಲಿ ಸುಮ್ಮನೆ ಕೂತ ಮಗುವಿಗೆ ಅದರ ಅಂಕಗಳೆಲ್ಲ ಸೇರಿ 75 ಆಗಿರುತ್ತೆ, ಟೆಸ್ಟ್‌ನಲ್ಲಿ ಮಾತ್ರ 45. ಎಲ್ಲ ಸರಿಯಿದೆ ಅಂತ ಮನೆಯಲ್ಲಿ ನೆಮ್ಮದಿಯಿಂದ ಇರ್ತಾರೆ. ನನಗೆ ಹೆಚ್ಚು ಚಿಂತೆ ಈ ಎರಡನೇ ಮಗುವಿನದೇ, ಯಾಕಂದ್ರೆ ಅದರ ಬಗ್ಗೆ ಯಾರೂ ಜಗಳಕ್ಕೆ ಬರಲ್ಲ.

ರಮೇಶಣ್ಣ: ಅಂದ್ರೆ ತಡ ಮಾಡಿದವನಿಗೆ ಏನೂ ಮಾಡಬಾರದಾ?

ಸುಮಕ್ಕ: ಮಾಡಬೇಕು, ಆದ್ರೆ ಅಂಕದಲ್ಲಿ ಅಲ್ಲ. ಕೊಡದಿದ್ರೆ ಸೊನ್ನೆಯ ಬದಲು 'ಬಂದಿಲ್ಲ' ಅಂತ ನಮೂದಿಸಬೇಕು, ಅದೇ ದಿನ ಮನೆಗೆ ತಿಳಿಸಬೇಕು. ಬಾಕಿ ಕೆಲಸ ಮುಗಿಸೋಕೆ ಶಾಲೆಯಲ್ಲೇ ಒಂದು ಅವಧಿ ಕೂರಿಸಬೇಕು. ಒಂದು ವಾರದ ಗಡುವು. ಘಟಕದ ಉತ್ತರಗಳನ್ನ ತರಗತಿಯಲ್ಲಿ ಚರ್ಚಿಸಿದ ಮೇಲೆ ಅದೇ ಕೆಲಸ ತಗೊಳ್ಳಬಾರದು, ಬೇರೆ ಲೆಕ್ಕ ಕೊಡಬೇಕು. ಇಲ್ಲದಿದ್ರೆ ಪಕ್ಕದವನ ಪುಸ್ತಕ ನೋಡಿ ಬರೆದು ತರ್ತಾರೆ. ಇನ್ನು ವಿನಯ ಹೇಳಿದ ತೂತು ಮುಚ್ಚೋಕೆ, ಹತ್ತರಲ್ಲಿ ಇಂತಿಷ್ಟು, ಉದಾಹರಣೆಗೆ ಎಂಟು, ಬರೋ ತನಕ ಆ ವಿಷಯದ ಫಲಿತಾಂಶ 'ಅಪೂರ್ಣ' ಅಂತಲೇ ಇರಬೇಕು. ಆಗ ಮಾಡದೆ ತಪ್ಪಿಸಿಕೊಳ್ಳೋ ದಾರಿ ಇರಲ್ಲ. ಸೊನ್ನೆ ಹಾಕಿದ್ರೆ ಏನಾಗುತ್ತೆ ಅಂದ್ರೆ, ಸೊನ್ನೆ ತಗೊಂಡು ಆ ಕೆಲಸದಿಂದ ಬಿಡುಗಡೆ ಆದ ಹಾಗೆ. ಅಪೂರ್ಣ ಅಂದ್ರೆ ಕೆಲಸ ಇನ್ನೂ ತಲೆ ಮೇಲಿದೆ ಅಂತ.

ದೊಡ್ಡಪ್ಪ: ಇದು ಸರಿ. ಕೆಲಸ ಮಾಡಿಸಲೇಬೇಕು.

ರಮೇಶಣ್ಣ: ನಾನು ಹೇಳಿದ್ದೂ ಅದೇ.

ವಿನಯ: ನೀವು ಹೇಳಿದ್ದು ಅದಲ್ಲ.

ಪಲ್ಲವಿ ಅತ್ತಿಗೆ: ಒಂದು ಮಾತು. ಕಳೆದ ಟರ್ಮ್‌ನಲ್ಲಿ ಮೂರು ಮಾರ್ಕ್ಸಿಗೋಸ್ಕರ ಸ್ಕೂಲಿಗೆ ಫೋನ್ ಮಾಡಿದ್ದು ಇವರೇ. ಆಗ ಟೀಚರ್ ಕಟ್ಟುನಿಟ್ಟು ಜಾಸ್ತಿ ಅಂತ ಬೇಜಾರು, ಈಗ ಸಡಿಲ ಜಾಸ್ತಿ ಅಂತ ಬೇಜಾರು.

ರಮೇಶಣ್ಣ: ಅದು ಬೇರೆ ವಿಷಯ. ಒಂದೇ ಉತ್ತರಕ್ಕೆ ಒಬ್ಬನಿಗೆ 4, ಇನ್ನೊಬ್ಬನಿಗೆ 2 ಕೊಟ್ಟಿದ್ರು. ಸುಮಾ, ನೀನು ಆಗ ಪೋಷಕರೇ ಪ್ರಾಜೆಕ್ಟ್ ಮಾಡಿಕೊಡ್ತಾರೆ ಅಂತ ಎಲ್ಲರ ಮುಂದೆ ಅಂದಿದ್ದೆ. ನಾನು ಮರೆತಿಲ್ಲ.

ಸುಮಕ್ಕ: ನಿನ್ನ ಬಗ್ಗೆ ಅಂದಿದ್ದಲ್ಲ ರಮೇಶಣ್ಣ. ಮನೆಯಿಂದ ಮಾಡಿ ತಂದ ಪ್ರಾಜೆಕ್ಟ್‌ಗೆ ಅಂಕದಲ್ಲಿ ದೊಡ್ಡ ಪಾಲು ಇಡಬಾರದು ಅಂತ ಅಂದಿದ್ದು, ಈಗಲೂ ಅದನ್ನೇ ಹೇಳ್ತೀನಿ. ಯಾರ ಕೈಕೆಲಸ ಅಂತ ಗೊತ್ತಾಗಲ್ಲ. ತರಗತಿಯಲ್ಲೇ ಎರಡು ಅವಧಿ ಕೂತು ಮಾಡಿಸಿ, ಮಗುವಿಗೆ ಐದು ನಿಮಿಷ ಪ್ರಶ್ನೆ ಕೇಳಿದ್ರೆ ಗೊತ್ತಾಗುತ್ತೆ. ಆದ್ರೆ 4 ಮತ್ತು 2ರ ವಿಷಯದಲ್ಲಿ ನಿನ್ನ ದೂರು ನ್ಯಾಯದ್ದೇ.

ವಿನಯ: ಇದಕ್ಕೆ ಮೂಲ ನಾನೇ ಕೊಡ್ತೀನಿ. 1912ರಲ್ಲಿ ಸ್ಟಾರ್ಚ್, ಎಲಿಯಟ್ ಅಂತ ಇಬ್ಬರು ಸಂಶೋಧಕರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನ ಅಮೆರಿಕದ ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದ್ರು. ಬಂದ ಅಂಕ 50ರಿಂದ 97ರ ತನಕ. ಭಾಷೆ ಅಲ್ವಾ, ಹಾಗಾಗುತ್ತೆ ಅಂತ ಜನ ಅಂದಾಗ 1913ರಲ್ಲಿ ರೇಖಾಗಣಿತದ ಪತ್ರಿಕೆ ಕೊಟ್ಟು ನೋಡಿದ್ರು. ಅಲ್ಲೂ 30ಕ್ಕಿಂತ ಕೆಳಗಿನಿಂದ 90ರ ಮೇಲಿನವರೆಗೆ ಹರಡಿತ್ತು.

ಗಿರಿ: ಗಣಿತದಲ್ಲೂನಾ!

ಸುಮಕ್ಕ: ಗಣಿತದಲ್ಲೇ ಜಾಸ್ತಿ ಗೊತ್ತಾಗೋದು. ಮೊದಲನೇ ಹೆಜ್ಜೆಯಲ್ಲಿ ಚಿಹ್ನೆ ತಪ್ಪಾಯ್ತು, ವಿಧಾನ ಪೂರ್ತಿ ಸರಿ, ಉತ್ತರ ತಪ್ಪು. ಒಬ್ಬರು 5ಕ್ಕೆ 4 ಕೊಡ್ತಾರೆ, ಇನ್ನೊಬ್ಬರು ಉತ್ತರ ನೋಡಿ 1 ಕೊಡ್ತಾರೆ. ಇದನ್ನ ಕಡಿಮೆ ಮಾಡೋ ದಾರಿ ಇದೆ. ತಿದ್ದೋಕೆ ಮುಂಚೆ ಹೆಜ್ಜೆವಾರು ಅಂಕ ಬರೆದಿಟ್ಟುಕೊಳ್ಳಬೇಕು: ಸೂತ್ರಕ್ಕೆ 1, ಬೆಲೆ ಹಾಕಿದ್ದಕ್ಕೆ 1, ಬಿಡಿಸಿದ್ದಕ್ಕೆ 2, ಉತ್ತರ ಮತ್ತು ಏಕಮಾನಕ್ಕೆ 1. ಒಂದು ಪತ್ರಿಕೆ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಬಾರದು. ಎಲ್ಲರ ಒಂದನೇ ಪ್ರಶ್ನೆ ಮೊದಲು, ಆಮೇಲೆ ಎಲ್ಲರ ಎರಡನೇ ಪ್ರಶ್ನೆ. ಹೆಸರಿರೋ ಪುಟ ಮಡಚಿಡಬೇಕು. ಕೊನೆಗೆ ಮೊದಲ ಐದು ಪತ್ರಿಕೆ ಮತ್ತೆ ನೋಡಬೇಕು, ಯಾಕಂದ್ರೆ ಶುರುವಿನಲ್ಲಿ ಬಿಗಿ ಇದ್ದ ಕೈ ಆಮೇಲೆ ಸಡಿಲ ಆಗಿರುತ್ತೆ, ಇಲ್ಲಾ ಉಲ್ಟಾ.

ಜಯತ್ತೆ: ಮರುಪರೀಕ್ಷೆ ವಿಷಯ ಯಾರೂ ಮಾತಾಡ್ಲೇ ಇಲ್ಲ.

ಸುಮಕ್ಕ: ಎಷ್ಟು ಸಲ ಬೇಕಾದರೂ ಅನ್ನೋದು ನಡೆಯೋ ಮಾತಲ್ಲ ಅತ್ತೆ. ಐದು ತರಗತಿ, ತಲಾ ನಲವತ್ತು ಮಕ್ಕಳು ಅಂದ್ರೆ ಇನ್ನೂರು. ಅದರಲ್ಲಿ ಅರವತ್ತು ಮಕ್ಕಳು ಮತ್ತೆ ಬರೆದ್ರೆ, ಪತ್ರಿಕೆಗೆ ಆರು ನಿಮಿಷದಂತೆ ಆರು ಗಂಟೆ ತಿದ್ದೋ ಕೆಲಸ. ಅದೂ ಒಂದು ಟೆಸ್ಟ್‌ಗೆ. ಮಕ್ಕಳೂ ಮೊದಲ ಟೆಸ್ಟ್‌ನ ಪ್ರಶ್ನೆ ತಿಳಿಯೋಕೆ ಅಂತ ಬರೆದು, ಎರಡನೇದಕ್ಕೆ ಓದ್ತಾರೆ. ಹಾಗಾಗಿ ಒಂದೇ ಅವಕಾಶ. ಅದಕ್ಕೆ ಮುಂಚೆ ತಪ್ಪಾದ ಪ್ರತಿ ಲೆಕ್ಕ ತಿದ್ದಿ, ಎಲ್ಲಿ ತಪ್ಪಾಯ್ತು ಅಂತ ಒಂದು ಸಾಲು ಬರೆದು ಕೊಡಬೇಕು. ಬೇರೆ ಪ್ರಶ್ನೆ, ಅದೇ ಪಾಠ. ಸಿಕ್ಕ ಹೊಸ ಅಂಕ ಹಳೇದರ ಜಾಗಕ್ಕೆ ಬರಬೇಕು. ಎರಡರ ಸರಾಸರಿ ತೆಗೆಯೋದು ನನಗೆ ಒಪ್ಪಿಗೆ ಇಲ್ಲ. ಈಗ ಬರುತ್ತೆ ಅಂದ ಮೇಲೆ ಆಗ ಬರ್ತಿರಲಿಲ್ಲ ಅನ್ನೋದನ್ನ ಯಾಕೆ ಹೊತ್ತು ತಿರುಗಬೇಕು?

ದೊಡ್ಡಪ್ಪ: ಆದರೂ ಮೊದಲ ಸಲವೇ ಓದಿದವರಿಗೆ ಅನ್ಯಾಯ ಅಲ್ವೇನಮ್ಮ?

ಸುಮಕ್ಕ: ಅವರ ಅಂಕ ಇದರಿಂದ ಕಡಿಮೆ ಆಗಲ್ಲ ದೊಡ್ಡಪ್ಪ. ರ‍್ಯಾಂಕ್ ಪಟ್ಟಿ ಮಾಡೋ ಪರೀಕ್ಷೆ ಆದ್ರೆ ನಿಮ್ಮ ಮಾತು ಸರಿ, ಅಲ್ಲಿ ಎಲ್ಲರಿಗೂ ಒಂದೇ ದಿನ, ಒಂದೇ ಪತ್ರಿಕೆ ಇರಬೇಕು.

ಜಯತ್ತೆ: ಟೀಚರ್ ಹತ್ರ ಹೋದಾಗ ಏನು ಕೇಳಬೇಕು ಅಂತ ಬೇರೆ ಮೆಸೇಜ್ ಹಾಕು, ಕಾಪಿ ಮಾಡಿಕೊಳ್ತೀನಿ.

ಸುಮಕ್ಕ: ಮೊದಲು ಮಗುವೇ ಹೋಗಿ ಕೇಳಲಿ, ಪತ್ರಿಕೆ ಕೈಯಲ್ಲಿ ಹಿಡಿದು, ಇಂತಿಷ್ಟನೇ ಪ್ರಶ್ನೆ ಅಂತ ತೋರಿಸಿ. ಎರಡು ಮೂರು ದಿನದಲ್ಲಿ ಉತ್ತರ ಸಿಗದಿದ್ರೆ ನೀವು ಬರೆಯಿರಿ. ಮುಖ್ಯೋಪಾಧ್ಯಾಯರ ಹತ್ರ ಹೋಗೋದು ಅದಾದ ಮೇಲೆ. 'ಮಾರ್ಕ್ಸ್ ಯಾಕೆ ಕಡಿಮೆ' ಅಂತ ಕೇಳಿದ್ರೆ ಟೀಚರ್ ಸಮರ್ಥನೆಗೆ ಇಳೀತಾರೆ. ಇವನ್ನ ಕೇಳಿ: ಈ ಅಂಕದಲ್ಲಿ ಟೆಸ್ಟ್‌ನದೆಷ್ಟು, ಹೋಮ್‌ವರ್ಕ್‌ನದೆಷ್ಟು, ತಡಕ್ಕೆ ಕಡಿತ ಎಷ್ಟು? ಯಾವ ಪಾಠ ಬರ್ತಿಲ್ಲ? ಬಾಕಿ ಕೆಲಸ ಯಾವುದು, ಯಾವ ತಾರೀಖಿನ ತನಕ ತಗೊಳ್ತೀರಿ? ಮೊತ್ತ ಕೂಡಿದ್ದನ್ನೂ ಒಮ್ಮೆ ನೋಡಿ. ಒಳಗಿನ ಪುಟದ ಅಂಕ ಮುಖಪುಟಕ್ಕೆ ಬರದೇ ಹೋಗೋದು ಆಗಾಗ ಆಗುತ್ತೆ.

ರಮೇಶಣ್ಣ: ಶಾಲೆಯ ಪೋರ್ಟಲ್ ತೆಗೆದು ಮಗನ ಅಂಕ ನೋಡ್ತಿದ್ದೀನಿ. ವಿಜ್ಞಾನದಲ್ಲಿ ಪ್ರಾಜೆಕ್ಟ್ ಜಾಗ ಖಾಲಿ ಇದೆ, ಒಟ್ಟು 70 ತೋರಿಸ್ತಿದೆ. ಟೆಸ್ಟ್ 60, ಹೋಮ್‌ವರ್ಕ್ 95.

ಸುಮಕ್ಕ: ಪಾಲು ಎಷ್ಟೆಷ್ಟು ಅಂತ ಇದೆಯಾ?

ರಮೇಶಣ್ಣ: ಟೆಸ್ಟ್ 50, ಪ್ರಾಜೆಕ್ಟ್ 30, ಹೋಮ್‌ವರ್ಕ್ 20.

ಸುಮಕ್ಕ: ಹಾಗಾದ್ರೆ ಆ 70 ನಂಬಬೇಡ. ಖಾಲಿ ಜಾಗವನ್ನ ಪೋರ್ಟಲ್ ಲೆಕ್ಕಕ್ಕೇ ತಗೊಂಡಿಲ್ಲ, ಉಳಿದ ಎರಡರ ಪಾಲನ್ನೇ (50 ಮತ್ತು 20) ನೂರಕ್ಕೆ ಏರಿಸಿ ತೋರಿಸ್ತಿದೆ. ಟೆಸ್ಟ್‌ನಿಂದ 30, ಹೋಮ್‌ವರ್ಕ್‌ನಿಂದ 19, ಕೈಯಲ್ಲಿರೋದು 49. ಪ್ರಾಜೆಕ್ಟ್‌ನಲ್ಲಿ 80 ಬಂದ್ರೆ 73 ಆಗುತ್ತೆ. ಕೊಡದೆ ಸೊನ್ನೆ ಬಿದ್ರೆ 49ರಲ್ಲೇ ನಿಲ್ಲುತ್ತೆ. ಯಾವತ್ತು ಕೊಡಬೇಕು ಅಂತ ಅವನನ್ನೇ ಕೇಳು, ನೀನು ಮಾಡಿಕೊಡಬೇಡ.